ಹಿರಿಯರು, ಮಕ್ಕಳು ಮತ್ತು ಸ್ನೇಹಿತರೊಂದಿಗೆ ಬ್ರಿಟನ್ನಿನಲ್ಲಿ ಒಂದು ವಾರದ ಕ್ಯಾರವಾನ್ ವಾಸ

ಬರ್ಮಿಂಗ್‌ಹ್ಯಾಮ್‌ನಲ್ಲಿ ನೆಲೆಸಿರುವ ನೀವು, ಆಗಸ್ಟ್ ತಿಂಗಳಿನಲ್ಲಿ ಊರಿನಿಂದ ಬರಲಿರುವ ಅತ್ತೆ-ಮಾವನವರನ್ನೂ ಇಬ್ಬರು ಮಕ್ಕಳನ್ನೂ ಕರೆದುಕೊಂಡು, ಸ್ನೇಹಿತರ ಕುಟುಂಬವೊಂದರ ಜೊತೆಯಲ್ಲಿ ಕ್ಯಾರವಾನಿನಲ್ಲಿ, ಅಂದರೆ ಗಾಲಿಗಳ ಮೇಲಿನ ಪುಟ್ಟ ಮನೆಯಲ್ಲಿ, ಒಂದು ವಾರ ಕಳೆಯಬಹುದೇ, ಇಲ್ಲವೇ ಹೋಟೆಲೇ ವಾಸಿಯೇ ಎಂದು ಕೇಳಿದ್ದೀರಿ. ಖಂಡಿತವಾಗಿ ಕ್ಯಾರವಾನಿಗೇ ಹೋಗಿ ಎಂಬುದು ನನ್ನ ಉತ್ತರ. ನಾವು ಮೂರು ಬೇಸಿಗೆಗಳನ್ನು ಉತ್ತರ ವೇಲ್ಸ್‌ನ ಪೋರ್ತ್‌ಮಡೋಗ್ ಎಂಬ ಸಣ್ಣ ಊರಿನ ಸಮೀಪ ಹೀಗೆಯೇ ಕಳೆದಿದ್ದೇವೆ. ನಿಮ್ಮ ಊರಿನಿಂದ ಅಲ್ಲಿಗೆ ಕಾರಿನಲ್ಲಿ ಸುಮಾರು ಮೂರು ಗಂಟೆಯ ಹಾದಿ.

ಮೊದಲು ಒಂದು ವಿಷಯವನ್ನು ಸ್ಪಷ್ಟಪಡಿಸಿಕೊಳ್ಳಿ. ಕಾರಿನ ಹಿಂದೆ ಎಳೆದುಕೊಂಡು ಹೋಗುವ ಕ್ಯಾರವಾನ್ ಬೇರೆ, ಸಮುದ್ರದ ಬದಿಯ ಪಾರ್ಕುಗಳಲ್ಲಿ ಸಾಲಾಗಿ ನಿಲ್ಲಿಸಿರುವ, ಹೆಸರಿಗೆ ಮಾತ್ರ ಗಾಲಿಯುಳ್ಳ ಸ್ಟ್ಯಾಟಿಕ್ ಕ್ಯಾರವಾನ್ ಬೇರೆ. 2021ರ ಡಿಸೆಂಬರ್ 16ರಿಂದ ಇಲ್ಲಿನ ಸಾಮಾನ್ಯ ಕಾರ್ ಲೈಸೆನ್ಸ್ ಇದ್ದವರು 3,500 ಕಿಲೋವರೆಗಿನ ಟ್ರೇಲರನ್ನು ಪ್ರತ್ಯೇಕ ಪರೀಕ್ಷೆಯಿಲ್ಲದೆ ಎಳೆಯಬಹುದು ಎಂಬುದು ನಿಜವಾದರೂ, ಎರಡೂ ಕಡೆ ಕಲ್ಲಿನ ಗೋಡೆಗಳಿರುವ ವೇಲ್ಸ್‌ನ ಕಿರಿದಾದ ರಸ್ತೆಯಲ್ಲಿ ಎದುರಿಗೆ ಬಸ್ಸು ಬಂದಾಗ ಕ್ಯಾರವಾನನ್ನು ಹಿಂದಕ್ಕೆ ಓಡಿಸಿಕೊಂಡು ಹೋಗುವ ಸಾಹಸ ಮೊದಲ ರಜೆಗೆ ಬೇಡ. ಸ್ಟ್ಯಾಟಿಕ್ ಕ್ಯಾರವಾನನ್ನೇ ಬಾಡಿಗೆಗೆ ಹಿಡಿಯಿರಿ. ಎರಡು-ಮೂರು ಪುಟ್ಟ ಮಲಗುವ ಕೋಣೆಗಳು, ಬಿಸಿನೀರಿನ ಸ್ನಾನ, ಫ್ರಿಜ್ಜು, ಗ್ಯಾಸ್ ಒಲೆ ಎಲ್ಲವೂ ಅದರಲ್ಲಿರುತ್ತವೆ. ಎರಡು ಕುಟುಂಬಗಳು ಒಂದೇ ಕ್ಯಾರವಾನಿನಲ್ಲಿ ಇಕ್ಕಟ್ಟಾಗಿ ಇರುವುದಕ್ಕಿಂತ ಅಕ್ಕಪಕ್ಕದ ಎರಡನ್ನು ಕೇಳಿ ಪಡೆಯುವುದು ಲೇಸು. ಅದರ ಗೋಡೆಗಳು ಎಷ್ಟು ತೆಳುವೆಂದರೆ ಒಂದು ಕೋಣೆಯ ಗೊರಕೆ ಎಲ್ಲರ ಆಸ್ತಿಯಾಗಿಬಿಡುತ್ತದೆ, ಸ್ನೇಹ ಉಳಿಯಬೇಕಾದರೆ ನಡುವೆ ನಾಲ್ಕು ಮಾರು ಹುಲ್ಲು ಇರಬೇಕು.

ಹೋಟೆಲಿಗಿಂತ ಇದು ಮೇಲು ಎನ್ನಲು ನನ್ನ ಮುಖ್ಯ ಕಾರಣ ಅಡುಗೆಮನೆ. ಹಿರಿಯರಿಗೆ ಮೂರನೆಯ ದಿನಕ್ಕೇ ಬ್ರೆಡ್ಡು, ಆಲೂಗಡ್ಡೆ ಸಾಕಾಗುತ್ತದೆ. ಒಂದು ಕುಕ್ಕರ್, ಸಾರಿನ ಪುಡಿ, ಚಟ್ನಿಪುಡಿ, ಹುರಿದಿಟ್ಟ ರವೆ ಇಷ್ಟಿದ್ದರೆ ಸಮುದ್ರವನ್ನು ನೋಡುತ್ತ ಬಿಸಿ ಉಪ್ಪಿಟ್ಟು ತಿನ್ನಬಹುದು. ಆದರೆ ಒಗ್ಗರಣೆಯ ವಿಷಯದಲ್ಲಿ ಎಚ್ಚರವಿರಲಿ. ಒಲೆಯಿಂದ ಸ್ವಲ್ಪವೇ ದೂರದಲ್ಲಿ ಹೊಗೆಯ ಅಲಾರಂ ಇರುತ್ತದೆ, ಒಣಮೆಣಸಿನಕಾಯಿ ಬಾಣಲೆಗೆ ಬಿದ್ದ ಮರುಕ್ಷಣವೇ ಅದು ಇಡೀ ಸಾಲಿಗೆ ಕೇಳಿಸುವಂತೆ ಕೂಗಿಕೊಳ್ಳುತ್ತದೆ. ಅದನ್ನು ಕಳಚಿಡುವ ಆಸೆ ಬಂದರೂ ಕಳಚಬೇಡಿ, ಬಾಗಿಲು-ಕಿಟಕಿಗಳನ್ನು ತೆರೆದು ಸಣ್ಣ ಉರಿಯಲ್ಲಿ ಒಗ್ಗರಣೆ ಹಾಕಿ. ನಮ್ಮ ತಾಯಿಯವರು ಎರಡನೆಯ ದಿನದಿಂದ ಊರಿನಲ್ಲಿಯೇ ಒಗ್ಗರಣೆಯನ್ನು ಮಾಡಿಕೊಂಡು ಡಬ್ಬಿಯಲ್ಲಿ ತರಬೇಕಿತ್ತೆಂದು ಹೇಳತೊಡಗಿದರು, ಮರುವರ್ಷ ಹಾಗೆಯೇ ಮಾಡಿದೆವು.

ಸುತ್ತಾಟಕ್ಕೆ ದಿನಕ್ಕೊಂದು ಜಾಗದಂತೆ ಪಟ್ಟಿ ಮಾಡಬೇಡಿ; ಒಂದು ದಿನ ಹೊರಗೆ, ಒಂದು ದಿನ ಕ್ಯಾರವಾನಿನ ಮುಂದೆ ಎಂಬ ಲೆಕ್ಕ ಹಿರಿಯರಿಗೂ ಮಕ್ಕಳಿಗೂ ಸರಿಹೋಗುತ್ತದೆ. ಹಣ ಖರ್ಚು ಮಾಡಿ ನೋಡಲೇಬೇಕಾದದ್ದು ಎಂದರೆ ಪೋರ್ತ್‌ಮಡೋಗ್‌ನಿಂದ ಬ್ಲೈನೈ ಫೆಸ್ಟಿನಿಯೋಗ್‌ವರೆಗೆ ಹದಿಮೂರೂವರೆ ಮೈಲಿ ಬೆಟ್ಟ ಹತ್ತುವ ಪುಟ್ಟ ಉಗಿಬಂಡಿ. ಬೆಟ್ಟದ ಗಣಿಗಳಿಂದ ಹಲಗೆಕಲ್ಲನ್ನು (ಸ್ಲೇಟ್) ಬಂದರಿಗೆ ಇಳಿಸುವುದಕ್ಕಾಗಿ 1836ರಲ್ಲಿ ಆರಂಭವಾದ ಈ ಹಳಿಯ ಮೇಲೆ ಮೊದಲಿಗೆ ಎಂಜಿನ್ನೇ ಇರಲಿಲ್ಲ. ಕಲ್ಲು ತುಂಬಿದ ಬಂಡಿಗಳು ಇಳಿಜಾರಿನಲ್ಲಿ ತಾವೇ ಉರುಳಿ ಬರುತ್ತಿದ್ದವು, ಖಾಲಿ ಬಂಡಿಗಳನ್ನು ಮತ್ತೆ ಮೇಲಕ್ಕೆ ಎಳೆಯಬೇಕಾದ ಕುದುರೆಗಳು ಅದೇ ಸಾಲಿನ ಒಂದು ಬಂಡಿಯಲ್ಲಿ ನಿಂತು ಕೆಳಗೆ ಬರುತ್ತಿದ್ದವು. ಉಗಿ ಎಂಜಿನ್ ಬಂದದ್ದು 1863ರಲ್ಲಿ. ಕುದುರೆಗಳ ರೈಲುಪ್ರಯಾಣದ ಕಥೆ ಕೇಳಿದ ನನ್ನ ಮಗಳು ಇಡೀ ದಾರಿ ಕುದುರೆಗಳಿಗೆ ಟಿಕೆಟ್ ಇತ್ತೇ ಎಂದು ಕೇಳುತ್ತಲೇ ಇದ್ದಳು.

ಲ್ಯಾನ್‌ಬೆರಿಸ್‌ನಿಂದ 1,085 ಮೀಟರ್ ಎತ್ತರದ ಸ್ನೋಡನ್ ಶಿಖರದ ಕಡೆಗೆ ಇನ್ನೊಂದು ರೈಲಿದೆ. ಊಟಿ ರೈಲಿನಲ್ಲಿ ಮೆಟ್ಟುಪಾಳ್ಯದಿಂದ ಹತ್ತಿದವರಿಗೆ ಎರಡು ಹಳಿಗಳ ನಡುವಿನ, ಎಂಜಿನ್ನಿನ ಹಲ್ಲುಚಕ್ರ ಕಚ್ಚಿಕೊಂಡು ಏರುವ ಹಲ್ಲುಹಳಿಯ ಪರಿಚಯವಿರುತ್ತದೆ. ಇಲ್ಲಿಯೂ ಅದೇ ಆಬ್ಟ್ ಪದ್ಧತಿಯ ಹಲ್ಲುಹಳಿಯಿದ್ದು, ನಮ್ಮ ತಂದೆಯವರು ಅದನ್ನು ನೋಡಲು ಬಗ್ಗಿ ನಿಂತು ಹೊರಡುವ ಹೊತ್ತನ್ನೇ ಮರೆತಿದ್ದರು. ಆಗಸ್ಟಿನಲ್ಲಿ ಟಿಕೆಟನ್ನು ಮುಂಚೆಯೇ ಕಾದಿರಿಸಬೇಕು. ಕಾದಿರಿಸಿದ ದಿನ ಮೋಡ ಮುಚ್ಚಿಕೊಂಡರೆ ಮೇಲೆ ಬಿಳಿಯ ಬಣ್ಣವೊಂದೇ ಕಾಣಿಸುತ್ತದೆ, ನಮಗೆ ಹಾಗೆಯೇ ಆಯಿತು. 1283ರಲ್ಲಿ ಇಂಗ್ಲೆಂಡಿನ ದೊರೆ ಒಂದನೆಯ ಎಡ್ವರ್ಡ್ ಕಟ್ಟಿಸತೊಡಗಿದ ಹಾರ್ಲೆಕ್ ಕೋಟೆಗೆ ಅರ್ಧ ದಿನ ಸಾಕು.

ಮೋರ್ವಾ ಬಿಖಾನ್ ಊರಿನ ಬ್ಲ್ಯಾಕ್ ರಾಕ್ ಸ್ಯಾಂಡ್ಸ್ ಕಡಲತೀರದಲ್ಲಿ ಹಣ ಕೊಟ್ಟು ಕಾರನ್ನು ಮರಳಿನ ಮೇಲೆಯೇ ನಿಲ್ಲಿಸಬಹುದು. ಮಂಡಿನೋವಿನ ಹಿರಿಯರು ಕಾರಿನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕುಳಿತುಕೊಳ್ಳಲು ಇದಕ್ಕಿಂತ ಅನುಕೂಲವಾದ ಜಾಗವನ್ನು ನಾನು ಕಂಡಿಲ್ಲ. ಆದರೆ ಹೊರಡುವ ಮೊದಲು ಉಬ್ಬರದ ವೇಳಾಪಟ್ಟಿಯನ್ನು ನೋಡಿಕೊಳ್ಳಬೇಕು. ನಮ್ಮಿಂದ ಸ್ವಲ್ಪ ದೂರದಲ್ಲಿ ಕಾರೊಂದರ ಗಾಲಿಗಳು ಒದ್ದೆ ಮರಳಿನಲ್ಲಿ ಹೂತು, ನೀರು ಏರುತ್ತಿದ್ದಂತೆ ಹತ್ತಾರು ಜನ ಸೇರಿ ಅದನ್ನು ತಳ್ಳಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಕನ್ನಡಿಗರಾದ ನಿಮಗೆ ಇಷ್ಟವಾಗುವ ಮತ್ತೊಂದು ಸಂಗತಿಯಿದೆ. ಈ ಊರುಗಳಿರುವ ಗ್ವಿನೆಡ್ ಜಿಲ್ಲೆಯಲ್ಲಿ 2021ರ ಜನಗಣತಿಯಂತೆ ಶೇಕಡ 64ರಷ್ಟು ಮಂದಿ ವೇಲ್ಸ್‌ನ ಸ್ವಂತ ಭಾಷೆಯಾದ ವೆಲ್ಶ್ ಮಾತನಾಡಬಲ್ಲರು. ನಾಮಫಲಕಗಳಲ್ಲಿ ವೆಲ್ಶ್ ಮೊದಲು, ಇಂಗ್ಲಿಷ್ ಆಮೇಲೆ. ರಸ್ತೆಯ ಮೇಲೆ 'ಅರವ್', ಅಂದರೆ 'ನಿಧಾನ', ಎಂದು ದೊಡ್ಡ ಅಕ್ಷರಗಳಲ್ಲಿ ಬರೆದಿರುತ್ತದೆ. ಹಾಲಿನ ಅಂಗಡಿಯಲ್ಲಿ ನಮ್ಮ ಮಗಳು 'ದಿಯೋಲ್ಖ್' ಎಂದು ಧನ್ಯವಾದ ಹೇಳಿದಾಗ ಅಂಗಡಿಯಾಕೆ ನಮ್ಮ ಮಾತೃಭಾಷೆ ಯಾವುದೆಂದು ವಿಚಾರಿಸಿ, 'ಧನ್ಯವಾದ'ವನ್ನು ಎರಡು ಸಲ ಹೇಳಿಸಿಕೊಂಡು ಕಲಿತರು.

ಖರ್ಚಿನ ಬಗ್ಗೆ ಹೇಳುವುದಾದರೆ, ಜುಲೈ ಕೊನೆಯಿಂದ ಸೆಪ್ಟೆಂಬರ್ ಮೊದಲವರೆಗಿನ ಶಾಲಾ ರಜೆಯಲ್ಲಿ ಬಾಡಿಗೆ ಗಗನಕ್ಕೇರುತ್ತದೆ, ಆದ್ದರಿಂದ ಚಳಿಗಾಲದಲ್ಲೇ ಕಾದಿರಿಸುವುದು ಒಳ್ಳೆಯದು. ಕಾದಿರಿಸುವಾಗ ಬಾಗಿಲಿಗೆ ಎಷ್ಟು ಮೆಟ್ಟಿಲು, ಹಿಡಿದುಕೊಳ್ಳಲು ಕಂಬಿ ಇದೆಯೇ, ಗ್ಯಾಸ್ ಮುಗಿದರೆ ಸಿಲಿಂಡರ್ ಬದಲಾಯಿಸುವವರು ಯಾರು, ಹಾಸಿಗೆಯ ಬಟ್ಟೆ ಮತ್ತು ಟವೆಲ್ ಬಾಡಿಗೆಯಲ್ಲಿ ಸೇರಿದೆಯೇ ಎಂಬುದನ್ನು ಕೇಳಿ ತಿಳಿದುಕೊಳ್ಳಿ. ಕೊನೆಯದನ್ನು ನಾವು ಮೊದಲ ವರ್ಷ ಕೇಳಿರಲಿಲ್ಲ. ಆ ರಾತ್ರಿ ತಗಡಿನ ಮೇಲೆ ಮಳೆ ಬಡಿಯುತ್ತಿರಲು ನಾವೆಲ್ಲ ನಮ್ಮ ತಾಯಿಯವರ ಹತ್ತಿಯ ಸೀರೆಗಳನ್ನು ಹಾಸಿ, ಹೊದ್ದು ಮಲಗಿದೆವು.