ಊದುಬತ್ತಿ ಯಾಕೆ ಕೇಳಿದರು?

ಮುಂಬಯಿ ಹತ್ತಿರದ ಡೊಂಬಿವಲಿ ಪೂರ್ವದಿಂದ ಒಬ್ಬ ಓದುಗರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರ ಉದ್ದವಿತ್ತು, ಮುಖ್ಯ ಭಾಗ ಇಷ್ಟು:

“ಸಂಪಾದಕರೇ, ಹೋದ ಸಂಚಿಕೆಯಲ್ಲಿ ‘ಡಾಕ್ಟರು, ಲ್ಯಾಬಿನವರು, ಹವಾಮಾನದವರು ಒಟ್ಟಿಗೆ ಕೂತು ಸಂಶೋಧನೆ ಮಾಡಬೇಕು’ ಎಂದು ಬರೆದಿದ್ದೀರಿ. ಕೂತದ್ದಾಯಿತು! ನಮ್ಮ ಸೊಸೈಟಿ ಹಾಲಿಗೂ ಬಂದು ಹೋದರು. ನಮ್ಮ ಮನೆಯಿಂದ ಎಂಐಡಿಸಿಗೆ, ಅಂದರೆ ಕಾರ್ಖಾನೆಗಳ ವಲಯಕ್ಕೆ, ನಡೆದೇ ಹೋಗಬಹುದು. ಚಳಿಗಾಲದಲ್ಲಿ ರಾತ್ರಿ ಒಂದು ಗಂಟೆ, ಎರಡು ಗಂಟೆಗೆ ವಾಸನೆಗೇ ಎಚ್ಚರವಾಗುತ್ತದೆ. ಮೊಮ್ಮಗಳಿಗೆ ನೆಬ್ಯುಲೈಸರ್ ಹಿಡಿಯದೆ ಒಂದು ಡಿಸೆಂಬರೂ ಕಳೆದಿಲ್ಲ. ಬಂದವರು ಒಂದು ಭಾನುವಾರ ಹನ್ನೊಂದು ಗಂಟೆಗೆ ಕೊಳವೆಯಲ್ಲಿ ಊದಿಸಿದರು, ರಕ್ತ, ಮೂತ್ರ ತಗೊಂಡರು, ಹದಿನಾಲ್ಕು ಪುಟದ ಇಂಗ್ಲಿಷ್ ಫಾರಂ ತುಂಬಿಸಿದರು. ಅದರಲ್ಲಿ ‘ದಿನಕ್ಕೆ ಎಷ್ಟು ಊದುಬತ್ತಿ ಹಚ್ಚುತ್ತೀರಿ?’ ಅಂತ ಪ್ರಶ್ನೆ. ಕಾರ್ಖಾನೆಯ ಹೊಗೆ ಬಿಟ್ಟು ನನ್ನ ದೇವರ ಕೋಣೆಗೆ ಬಂದರಲ್ಲ! ವರ್ಷವಾಯಿತು, ರಿಪೋರ್ಟ್ ಇಲ್ಲ. ನನ್ನ ಮೂಗಿಗೆ ಗೊತ್ತಿರುವುದನ್ನು ಹೇಳಲು ಇಷ್ಟು ಜನ ಬೇಕಾ?”

ಅಕ್ಕಾ,

ಹಾಗೇ ಕರೆಯುತ್ತೇನೆ, ನಮ್ಮ ಕಡೆಯ ರೂಢಿ. ನಿಮ್ಮ ಸಿಟ್ಟು ನ್ಯಾಯವಾದದ್ದು. ನಿಮ್ಮ ಎಂಐಡಿಸಿಯ ಕಾರ್ಖಾನೆಗಳಲ್ಲಿ 2016ರ ಮೇ 26ಕ್ಕೆ ಒಂದು ಸ್ಫೋಟ, 2024ರ ಮೇ 23ಕ್ಕೆ ಇನ್ನೊಂದು. ಎರಡನ್ನೂ ಕಂಡ ಊರಿನವರಿಗೆ ‘ಸಮಾಧಾನವಾಗಿರಿ’ ಎನ್ನಲು ಸಾಂತಾಕ್ರೂಜಿನಲ್ಲಿ ಕೂತ ನನಗೆ ಬಾಯಿ ಬರುವುದಿಲ್ಲ. ಆದರೆ ಊದುಬತ್ತಿಯ ವಿಷಯದಲ್ಲಿ ನಾನು ಆ ಫಾರಂ ಮಾಡಿದವರ ಪಕ್ಷ. ಯಾಕೆಂದು ಹೇಳುತ್ತೇನೆ.

ಮೊದಲು ಮೂಗಿನ ಮಾತು. ಮೂಗು ಒಳ್ಳೆಯ ಕಾವಲುಗಾರ, ಆದರೆ ಲೆಕ್ಕದವನಲ್ಲ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೇ ಇಲ್ಲ. ಅಡುಗೆ ಗ್ಯಾಸಿಗೂ ಇಲ್ಲ. ಸೋರಿದರೆ ಗೊತ್ತಾಗಲಿ ಎಂದು ಅದಕ್ಕೆ ಕೆಟ್ಟ ವಾಸನೆಯ ಮರ್ಕ್ಯಾಪ್ಟನ್ ಬೆರೆಸುತ್ತಾರೆ. ಕೊಳೆತ ಮೊಟ್ಟೆಯ ಹಾಗೆ ನಾರುವ ಹೈಡ್ರೋಜನ್ ಸಲ್ಫೈಡ್ ಇನ್ನೂ ಮೋಸಗಾರ. ಸ್ವಲ್ಪ ಇದ್ದರೆ ಸಾಕು, ಮೂಗು ಮುಚ್ಚಿಕೊಳ್ಳುತ್ತೇವೆ. ಪ್ರಾಣಕ್ಕೆ ಅಪಾಯವಾಗುವಷ್ಟು ಏರಿದಾಗ ಮೂಗು ಮರಗಟ್ಟಿ ವಾಸನೆಯೇ ನಿಂತುಬಿಡುತ್ತದೆ. ಚರಂಡಿಗೆ ಇಳಿದವರು ಮೇಲೆ ಬಾರದೆ ಹೋಗುವುದರ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ.

ಇನ್ನು ಬೆಂಜೀನ್ ಎಂಬ ರಾಸಾಯನಿಕ. ಇದು ರಕ್ತದ ಕ್ಯಾನ್ಸರ್ ತರಬಲ್ಲದು ಎಂಬುದರಲ್ಲಿ ಈಗ ಅನುಮಾನ ಉಳಿದಿಲ್ಲ. 2009ರಲ್ಲಿ ನಮ್ಮ ದೇಶ ಗಾಳಿಗೆ ಹಾಕಿಕೊಂಡ ಮಿತಿಯಲ್ಲಿ ಬೆಂಜೀನಿಗೆ ವರ್ಷದ ಸರಾಸರಿ ಘನ ಮೀಟರಿಗೆ 5 ಮೈಕ್ರೋಗ್ರಾಂ. ಮನುಷ್ಯನ ಮೂಗಿಗೆ ಅದು ಸಿಗುವುದು ಇದಕ್ಕಿಂತ ನೂರಾರು ಪಟ್ಟು ಜಾಸ್ತಿಯಾದ ಮೇಲೆ. ಅಂದರೆ ವಾಸನೆ ಇಲ್ಲದ ರಾತ್ರಿ ಒಳ್ಳೆಯ ರಾತ್ರಿ ಅಂತ ಹೇಳಲಿಕ್ಕಾಗದು. ವಾಸನೆ ಇದ್ದ ರಾತ್ರಿಯೇ ಅತಿ ಕೆಟ್ಟದ್ದು ಎಂದೂ ಹೇಳಲಿಕ್ಕಾಗದು. ಇನ್ನೊಂದು ವಿಷಯ ಗೊತ್ತಿರಲಿ. ಮಗ ಮೊಬೈಲಿನಲ್ಲಿ ತೋರಿಸುವ ಎಕ್ಯೂಐ (ಗಾಳಿಯ ಗುಣಮಟ್ಟದ ಸೂಚ್ಯಂಕ) ಲೆಕ್ಕಕ್ಕೆ ಸೇರುವುದು 8 ಅಂಶ ಮಾತ್ರ: ದೂಳು ಎರಡು ಬಗೆ, ಗಂಧಕ, ಸಾರಜನಕದ ಆಕ್ಸೈಡುಗಳು, ಓಝೋನ್, ಕಾರ್ಬನ್ ಮಾನಾಕ್ಸೈಡ್, ಅಮೋನಿಯಾ, ಸೀಸ. ಬೆಂಜೀನ್ ಅದರಲ್ಲಿ ಇಲ್ಲ. ‘ಆ್ಯಪಲ್ಲಿ ಹಸಿರು ಇದೆ, ಸುಮ್ನೆ ಗಲಾಟೆ ಮಾಡ್ತೀರಿ’ ಎನ್ನುವವರಿಗೆ ಇದನ್ನು ಹೇಳಿ.

ಇಷ್ಟು ಜನ ಯಾಕೆ ಬೇಕು ಎಂದಿರಲ್ಲ, ಅದಕ್ಕೇ. ಗಾಳಿಯಲ್ಲಿ ಏನಿದೆ ಎಂದು ಅಳೆಯುವವನಿಗೆ ಮೊಮ್ಮಗಳ ಎದೆಯ ಸುಂಯ್‌ಗುಟ್ಟುವಿಕೆ ಕೇಳಿಸುವುದಿಲ್ಲ. ಅದನ್ನು ಕೇಳುವ ಡಾಕ್ಟರಿಗೆ ಗಾಳಿ ಎತ್ತ ಬೀಸುತ್ತದೆ ಗೊತ್ತಿಲ್ಲ. ಗಾಳಿ ಬಲ್ಲವನಿಗೆ ಒಂದು ರಾಸಾಯನಿಕ ಯಕೃತ್ತಿಗೆ ಹೋಗಿ ಏನಾಗಿ ಬದಲಾಗುತ್ತದೆ ಗೊತ್ತಿಲ್ಲ. ಅದನ್ನು ಬಲ್ಲ ವಿಷವಿಜ್ಞಾನಿಗಳು ಮೊದಲು ಕೇಳುವುದು ‘ಏನು?’ ಎಂದಲ್ಲ, ‘ಎಷ್ಟು?’ ಎಂದು. 16ನೇ ಶತಮಾನದ ಪ್ಯಾರಾಸೆಲ್ಸಸ್ ಎಂಬ ವೈದ್ಯ ಹೇಳಿದ್ದು ಇದನ್ನೇ. ನಮ್ಮ ಅಜ್ಜಿಯಂದಿರು ಅವನನ್ನು ಓದದೆಯೇ ‘ಅತಿಯಾದರೆ ಅಮೃತವೂ ವಿಷ’ ಎಂದಿದ್ದಾರೆ.

ನಿಮ್ಮ ಮೂತ್ರ ಯಾಕೆ ತಗೊಂಡರು? ದೇಹಕ್ಕೆ ಹೋದ ಬೆಂಜೀನ್ ಅಲ್ಲಿ ಬೇರೆ ರೂಪ ತಾಳಿ ಮೂತ್ರದಲ್ಲಿ ಹೊರಬರುತ್ತದೆ. ಆ ರೂಪವನ್ನು ಲ್ಯಾಬಿನಲ್ಲಿ ಹಿಡಿಯಬಹುದು. ಆದರೆ ಸಿಗರೇಟು ಸೇದುವವರಲ್ಲೂ ಅದು ಜಾಸ್ತಿ ಇರುತ್ತದೆ. ಊದುಬತ್ತಿಯ ಹೊಗೆಯಲ್ಲೂ ಬೆಂಜೀನ್ ಇದೆ. ಸಣ್ಣ ದೂಳಿನ ವಿಷಯಕ್ಕೆ ಬಂದರೆ ಇನ್ನೂ ಮಜಾ. 2003ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ ಒಂದು ಸೊಳ್ಳೆಬತ್ತಿ ಪೂರ್ತಿ ಉರಿದರೆ ಹೊರಬರುವ ಪಿಎಂ 2.5 ಎಂಬ ಅತಿ ಸಣ್ಣ ಕಣಗಳು 75ರಿಂದ 137 ಸಿಗರೇಟಿನಷ್ಟು. ಕಿಟಕಿ ಮುಚ್ಚಿದ ಕೋಣೆಯಲ್ಲಿ ರಾತ್ರಿಯಿಡೀ ಅದನ್ನು ಉರಿಸಿ, ಬೆಳಿಗ್ಗೆ ಕೆಮ್ಮಿದರೆ ಎಂಐಡಿಸಿಗೆ ಬೈಯುವ ಮನೆಗಳನ್ನು ನಾನು ನೋಡಿದ್ದೇನೆ. ನಮ್ಮದೂ ಒಂದು ಕಾಲಕ್ಕೆ ಅಂಥದ್ದೇ ಮನೆ.

ಊದುಬತ್ತಿ ಕೇಳಿದ್ದು ನಿಮ್ಮ ಮೇಲೆ ತಪ್ಪು ಹೊರಿಸಲಿಕ್ಕಲ್ಲ ಅಕ್ಕಾ. ನಾಳೆ ಕಾರ್ಖಾನೆಯ ವಕೀಲರು ‘ಇವರ ಕೆಮ್ಮು ದೇವರ ಕೋಣೆಯದ್ದು’ ಎನ್ನದಿರಲಿಕ್ಕೆ. ಇಂದು ಅದನ್ನು ಎಣಿಸಿಟ್ಟರೆ ನಾಳೆ ಲೆಕ್ಕದಿಂದ ಕಳೆಯಬಹುದು. ಎಣಿಸದೆ ಬಿಟ್ಟರೆ ಎದುರು ಪಕ್ಷಕ್ಕೆ ಅದೇ ಆಸರೆ.

ಈ ಪಾಠ ನನಗೆ ಅವಮಾನದಿಂದಲೇ ಬಂದದ್ದು. ಹನ್ನೆರಡು ವರ್ಷದ ಹಿಂದಿನ ಮಾತು. ಉಪನಗರದ ಒಂದು ಬೀದಿಯ ಬಗ್ಗೆ ‘ಮನೆಗೊಂದು ಕ್ಯಾನ್ಸರ್’ ಎಂದು ಇದೇ ಪತ್ರಿಕೆಯಲ್ಲಿ ದಪ್ಪಕ್ಷರದ ತಲೆಬರಹ ಕೊಟ್ಟಿದ್ದೆ. ನಮ್ಮ ಓದುಗರೇ ಆದ ಒಬ್ಬ ಡಾಕ್ಟರು ಫೋನ್ ಮಾಡಿದರು. ಎಷ್ಟು ಮನೆ? ಎಷ್ಟು ರೋಗಿಗಳು? ಎಷ್ಟು ವರ್ಷದೊಳಗೆ? ಯಾವ ಕ್ಯಾನ್ಸರ್? ಎಷ್ಟು ಜನ ತಂಬಾಕು ತಿನ್ನುತ್ತಿದ್ದರು? ಪಕ್ಕದ ಬೀದಿಯಲ್ಲಿ ಎಷ್ಟು? ನನ್ನ ಹತ್ತಿರ ಒಂದಕ್ಕೂ ಉತ್ತರ ಇರಲಿಲ್ಲ. ‘ಬೀದಿಯವರ ನೋವು ನಿಜ. ನಿಮ್ಮ ತಲೆಬರಹದಿಂದ ಅದು ಸುಳ್ಳಿನ ಹಾಗೆ ಕಾಣಿಸಿತು’ ಎಂದರು. ಆ ಮಾತು ಈಗಲೂ ಚುಚ್ಚುತ್ತದೆ.

ಆ ಡಾಕ್ಟರ ಕೊನೆಯ ಪ್ರಶ್ನೆ ನೋಡಿ: ಪಕ್ಕದ ಬೀದಿ. ಇಡೀ ವಿಷಯ ಅಲ್ಲೇ ಇದೆ.

ಪಡ್ರೆ ಎಂಬ ಊರಿನ ಕತೆ ನಿಮಗೆ ಗೊತ್ತಿರಬೇಕು, ನಿಮ್ಮ ತವರು ಕಾಸರಗೋಡು ಎಂದು ಬರೆದಿದ್ದೀರಲ್ಲ. ಗೇರು ತೋಟಕ್ಕೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯುತ್ತಿದ್ದ ಕಾಲ. ಇಪ್ಪತ್ತು ವರ್ಷಕ್ಕೂ ಹೆಚ್ಚು ಸುರಿದರು. ಮೊದಲು ಕಣ್ಣು ಬಿಟ್ಟದ್ದು ಯಾವ ಲ್ಯಾಬೂ ಅಲ್ಲ. ಅಂಗ ಊನವಾದ ಕರುಗಳ ಬಗ್ಗೆ ಬರೆದದ್ದು ಊರಿನವರೇ ಆದ ಪತ್ರಕರ್ತ ಶ್ರೀ ಪಡ್ರೆ. ಒಂದೇ ಕಡೆಯಿಂದ ಇಷ್ಟೊಂದು ವಿಚಿತ್ರ ಕಾಯಿಲೆ ಯಾಕೆ ಬರುತ್ತಿದೆ ಎಂದು ಅನುಮಾನಪಟ್ಟದ್ದು ವಾಣಿನಗರದಲ್ಲಿ ಕ್ಲಿನಿಕ್ ಇಟ್ಟ ಡಾ. ಮೋಹನ ಕುಮಾರ್. ಹಳ್ಳಿಯ ಡಾಕ್ಟರ ಮಾತು ಅಲ್ವಾ, ಸುಮಾರು ಕಾಲ ಯಾರೂ ಕಿವಿಗೊಡಲಿಲ್ಲ.

ಕೊನೆಗೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬಂದರು. ಅವರು ಪಡ್ರೆಯ ಮಕ್ಕಳನ್ನು ಮಾತ್ರ ನೋಡಿ ಹೋಗಲಿಲ್ಲ. ಸುಮಾರು 20 ಕಿಲೋಮೀಟರ್ ದೂರದ, ಹೆಲಿಕಾಪ್ಟರ್ ಹಾರದ ಇನ್ನೊಂದು ಊರಿಗೂ ಹೋದರು. ಅಲ್ಲೂ ಅದೇ ಮಳೆ, ಅದೇ ಕುಚ್ಚಲಕ್ಕಿ ಗಂಜಿ. ವ್ಯತ್ಯಾಸ ಮೇಲಿಂದ ಬಿದ್ದ ಔಷಧದ್ದು ಮಾತ್ರ. 2003ರಲ್ಲಿ ಪ್ರಕಟವಾದ ಅವರ ಒಂದು ಪ್ರಬಂಧದಲ್ಲಿ ಪಡ್ರೆ ಕಡೆಯ 117 ಹುಡುಗರು, ಇನ್ನೊಂದು ಊರಿನ 90 ಹುಡುಗರು ಇದ್ದಾರೆ. ಪಡ್ರೆಯ ಹುಡುಗರು ಪ್ರಾಯಕ್ಕೆ ಬರುವುದು ತಡವಾಗುತ್ತಿದೆ, ಹಾರ್ಮೋನು ಏರುಪೇರಾಗಿದೆ ಎಂದು ಅವರಿಗೆ ಕಂಡಿತು. ಉದ್ಯಮದವರು ಅದನ್ನು ಅಲ್ಲಗಳೆದರು, ವರ್ಷಗಟ್ಟಲೆ ಜಗಳವಾಯಿತು. ಆದರೆ ಜಗಳ ಆಡಲಿಕ್ಕೆ ಕೈಯಲ್ಲಿ ಒಂದು ಅಂಕಿ ಇತ್ತು. 2011ರ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಲ್ಲೆಲ್ಲ ಎಂಡೋಸಲ್ಫಾನ್ ನಿಲ್ಲಿಸಿತು. 2017ರ ಜನವರಿಯಲ್ಲಿ ನೊಂದವರಿಗೆ ತಲಾ 5 ಲಕ್ಷ ಕೊಡಿ ಎಂದು ಕೇರಳ ಸರ್ಕಾರಕ್ಕೆ ಹೇಳಿತು.

ಆ ಎರಡನೇ ಊರಿನ 90 ಹುಡುಗರ ಬಗ್ಗೆ ನನಗೆ ಯಾವಾಗಲೂ ಒಂಥರಾ ಗೌರವ. ಅವರಿಗೆ ಏನೂ ಆಗಿರಲಿಲ್ಲ, ಸಿಗುವುದೂ ಏನೂ ಇರಲಿಲ್ಲ. ಸೂಜಿ ಚುಚ್ಚಿಸಿಕೊಂಡು ಹೋದರು. ಅವರಿಲ್ಲದಿದ್ದರೆ ಪಡ್ರೆಯ ಹುಡುಗರ ರಕ್ತಕ್ಕೆ ಅರ್ಥವೇ ಇರುತ್ತಿರಲಿಲ್ಲ.

ನಮ್ಮ ಮುಂಬಯಿಯಲ್ಲೂ ಇದು ಹೊಸದಲ್ಲ. ಪರೇಲಿನ ಕೆಇಎಂ ಆಸ್ಪತ್ರೆಯ ಡಾ. ಎಸ್. ಆರ್. ಕಾಮತ್ ಮತ್ತು ಜೊತೆಗಾರರು 1970ರ ದಶಕದಲ್ಲೇ ಶುರುಮಾಡಿ ನಗರದ ಬೇರೆ ಬೇರೆ ಭಾಗದವರ ಎದೆಯನ್ನು ಹಳ್ಳಿಯವರ ಎದೆಯ ಜೊತೆ ಹೋಲಿಸಿದ್ದರು. ಚೆಂಬೂರು ಪಕ್ಕದ, ಕಾರ್ಖಾನೆಗಳ ನಡುವಿನ ಮಾಹುಲಿನಲ್ಲಿ ಅದೇ ಕೆಇಎಂನವರು ಸಮೀಕ್ಷೆ ಮಾಡಿದಾಗ ನೂರಕ್ಕೆ 67 ಜನ ತಿಂಗಳಿಗೆ ಮೂರಕ್ಕಿಂತ ಹೆಚ್ಚು ಸಲ ಉಸಿರು ಕಟ್ಟುತ್ತದೆ ಎಂದಿದ್ದರು. ಆ ಊರಿನ ಕೋಳಿ ಸಮುದಾಯದ ಮೀನುಗಾರರು ಪುಣೆಯ ಹಸಿರು ನ್ಯಾಯಪೀಠಕ್ಕೆ ಹೋದಾಗ ಆ ಕಾಗದ ಕೆಲಸಕ್ಕೆ ಬಂತು. 2015ರ ಡಿಸೆಂಬರಿನಲ್ಲಿ ಪೀಠ ‘ಇಲ್ಲಿಯವರ ಆರೋಗ್ಯಕ್ಕೆ ಅಪಾಯವಿದೆ’ ಎಂದು ಒಪ್ಪಿತು. ಮೂಗು ದೂರು ಕೊಟ್ಟಿತು, ಆಸ್ಪತ್ರೆ ಅದಕ್ಕೆ ಅಂಕಿ ಕೊಟ್ಟಿತು.

ಈಗ ನಿಮ್ಮ ಪಕ್ಷದ ಮಾತು. ಬಂದವರು ಮಾಡಿದ್ದು ಎಲ್ಲ ಸರಿಯಲ್ಲ.

ಒಂದು, ಆ ಭಾನುವಾರ ಹನ್ನೊಂದು ಗಂಟೆ. ಬೆಂಜೀನಿನ ಗುರುತು ಮೂತ್ರದಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಒಂದು ದಿನ ಕಳೆಯುವಷ್ಟರಲ್ಲಿ ಬಹುಪಾಲು ಹೋಗಿರುತ್ತದೆ. ಮಂಗಳವಾರ ರಾತ್ರಿ ವಾಸನೆ ಬಂದರೆ ಭಾನುವಾರದ ಬಾಟಲಿಯಲ್ಲಿ ಅದನ್ನು ಹುಡುಕಿ ಏನು ಪ್ರಯೋಜನ? ಇದನ್ನು ಅವರಿಗೆ ಹೇಳಬಲ್ಲವರು ನೀವೇ ಇದ್ದಿರಿ. ಯಾರೂ ನಿಮ್ಮನ್ನು ಕೇಳಲಿಲ್ಲ. ನಾಲ್ಕು ಕಡೆಯ ಪರಿಣತರು ಒಟ್ಟಿಗೆ ಕೂತು, ರಾತ್ರಿ ಎದ್ದು ಕೂರುವವರನ್ನು ಮಾತ್ರ ಹೊರಗಿಟ್ಟರೆ ಅದು ಎಂಥ ಕೂಡು ಕೆಲಸ? ಹೋದ ಸಂಚಿಕೆಯ ನನ್ನ ಬರಹದಲ್ಲೂ ಈ ಕುರ್ಚಿ ಬಿಟ್ಟುಹೋಗಿತ್ತು. ತಪ್ಪು ನನ್ನದು.

ಎರಡು, ಇಂಗ್ಲಿಷ್ ಫಾರಂ ಮತ್ತು ಬಾರದ ರಿಪೋರ್ಟ್. ಮನುಷ್ಯರ ಮೇಲೆ ಸಂಶೋಧನೆ ಮಾಡುವವರಿಗೆ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರಲ್ಲಿ ಕೊಟ್ಟ ಮಾರ್ಗಸೂಚಿ ಇದೆ. ಒಪ್ಪಿಗೆ ಪಡೆಯುವಾಗ ನಿಮಗೆ ತಿಳಿಯುವ ಭಾಷೆಯಲ್ಲೇ ವಿವರ ಹೇಳಬೇಕು. ಯಾವಾಗ ಬೇಕಾದರೂ ನೀವು ಹಿಂದೆ ಸರಿಯಬಹುದು. ಯಾರನ್ನು ಸಂಪರ್ಕಿಸಬೇಕು ಎಂಬುದು ಕಾಗದದಲ್ಲಿ ಇರಬೇಕು. ನೀವು ಸಹಿ ಹಾಕಿದ ಕಾಗದದ ಪ್ರತಿ ಹುಡುಕಿ. ಅದರಲ್ಲಿ ಎಥಿಕ್ಸ್ ಕಮಿಟಿಯ (ಸಂಶೋಧನೆ ನ್ಯಾಯವಾಗಿ ನಡೆಯುತ್ತಿದೆಯೇ ಎಂದು ನೋಡುವ ಸಮಿತಿ) ಫೋನ್ ನಂಬರ್ ಇದ್ದರೆ, ಸಂಶೋಧಕರಿಗಲ್ಲ, ಆ ಕಮಿಟಿಗೇ ಬರೆಯಿರಿ. ‘ನನ್ನ ರಕ್ತದ ಫಲಿತಾಂಶ ಏನಾಯಿತು?’ ಇಷ್ಟೇ ಸಾಕು. ಪ್ರತಿ ಕೊಟ್ಟೇ ಇಲ್ಲ ಎಂದಾದರೆ ಅದನ್ನೂ ಬರೆಯಿರಿ.

ಭೋಪಾಲ್ ನೆನಪಾಗುತ್ತದೆ. 1984ರ ಡಿಸೆಂಬರಿನಲ್ಲಿ ವಿಷಾನಿಲ ಸೋರಿದ ಆ ರಾತ್ರಿಯ ನಂತರ ಐಸಿಎಂಆರ್ ಹಲವಾರು ಅಧ್ಯಯನ ನಡೆಸಿ 1994ಕ್ಕೆ ನಿಲ್ಲಿಸಿತು. ಅಲ್ಲೇ ಕಾಯಂ ಸಂಶೋಧನಾ ಸಂಸ್ಥೆ ಬಂದದ್ದು 2010ರಲ್ಲಿ. ನಡುವಿನ ವರ್ಷಗಳಲ್ಲಿ ಜನ ಕೆಮ್ಮುವುದನ್ನು ನಿಲ್ಲಿಸಿರಲಿಲ್ಲ.

ಸರಿ, ಚಳಿಗಾಲದ ರಾತ್ರಿಗೆ ಬರೋಣ. ‘ಕಾರ್ಖಾನೆಯವರು ರಾತ್ರಿ ಹೊಗೆ ಕದ್ದು ಬಿಡುತ್ತಾರೆ’ ಎಂದೂ ಪತ್ರದಲ್ಲಿ ಬರೆದಿದ್ದೀರಿ. ಇರಬಹುದು. ಇನ್ನೊಂದು ಕಾರಣವೂ ಇದೆ. ಚಳಿಯ ರಾತ್ರಿ ನೆಲ ಬೇಗ ತಣಿಯುತ್ತದೆ, ಕೆಳಗೆ ತಣ್ಣಗಿನ ಗಾಳಿ, ಮೇಲೆ ಬೆಚ್ಚಗಿನ ಗಾಳಿ. ಪಾತ್ರೆಗೆ ಮುಚ್ಚಳ ಹಾಕಿದ ಹಾಗೆ. ಹಗಲೂ ಅಷ್ಟೇ ಹೊಗೆ ಬಿಟ್ಟರೂ ಅದು ಮೇಲೆ ಚದುರುತ್ತದೆ, ರಾತ್ರಿ ನಿಮ್ಮ ಕಿಟಕಿಯ ಮಟ್ಟದಲ್ಲೇ ನಿಲ್ಲುತ್ತದೆ. ಕದ್ದು ಬಿಟ್ಟದ್ದೋ, ಮುಚ್ಚಳ ಬಿದ್ದದ್ದೋ? ಬಿಡಿಸಲು ದಿನ, ಗಂಟೆ, ಗಾಳಿಯ ದಿಕ್ಕು ಬೇಕು. ದಿಕ್ಕು ಹವಾಮಾನದವರ ಹತ್ತಿರ ಸಿಗುತ್ತದೆ. ದಿನ, ಗಂಟೆ ಬೇರೆ ಯಾರ ಹತ್ತಿರವೂ ಇಲ್ಲ, ನಿಮ್ಮ ಹತ್ತಿರ ಮಾತ್ರ.

ಹಾಗಾಗಿ ಒಂದು ಇನ್ನೂರು ಪುಟದ ನೋಟ್‌ಬುಕ್ ತಗೊಳ್ಳಿ. ಎಚ್ಚರವಾದ ಗಂಟೆ, ವಾಸನೆ ಎಂಥದ್ದು (ಕೊಳೆತ ಮೊಟ್ಟೆಯೋ, ಬಣ್ಣದಂಗಡಿಯೋ, ಹುಳಿಯೋ), ಎಷ್ಟು ಹೊತ್ತು ಇತ್ತು, ಮೊಮ್ಮಗಳಿಗೆ ನೆಬ್ಯುಲೈಸರ್ ಕೊಟ್ಟಿರೋ ಇಲ್ಲವೋ. ವಾಸನೆ ಇಲ್ಲದ ದಿನ ‘ಇಲ್ಲ’ ಎಂದೂ ಬರೆಯಿರಿ, ಆ ಪುಟಗಳೇ ಜಾಸ್ತಿ ಮುಖ್ಯ. ಹಾಗೇ ಡೊಂಬಿವಲಿ ಪಶ್ಚಿಮದಲ್ಲಿ, ರೈಲ್ವೆ ಹಳಿಯ ಆಚೆ, ಮಕ್ಕಳಿರುವ ಒಂದು ನೆಂಟರ ಮನೆ ಹುಡುಕಿ. ಅವರೂ ಅದೇ ರೀತಿ ಬರೆಯಲಿ. ಅವರು ಬೇಸರಪಟ್ಟರೆ ನನ್ನ ಹೆಸರು ಹೇಳಿ, ಒಂದು ವರ್ಷದ ಚಂದಾ ಉಚಿತ.

ಮಾರ್ಚ್ ಮುಗಿದ ಮೇಲೆ ಎರಡೂ ನೋಟ್‌ಬುಕ್ ನೋಡಲು ನಾನೇ ಬರುತ್ತೇನೆ, ಆ ಹಳೆಯ ಡಾಕ್ಟರನ್ನೂ ಕರೆತರುತ್ತೇನೆ. ಅವರು ಕನ್ನಡಕ ಏರಿಸಿ ಮೊದಲು ಊದುಬತ್ತಿ ಎಷ್ಟು ಎಂದೇ ಕೇಳುತ್ತಾರೆ. ದಿನಕ್ಕೆ ಎರಡೋ ನಾಲ್ಕೋ, ಬರೆದಿಟ್ಟಿರಿ. ಮುನಿಸಿಕೊಳ್ಳಬೇಡಿ.

— ಸಂಪಾದಕ