ನೇರ ಪ್ರಸಾರದ ಪಂದ್ಯ ಮಳೆಯಿಂದ ತಡವಾದರೆ ಟಿಆರ್‌ಪಿ ಎಷ್ಟು ಬೀಳುತ್ತದೆ?

ಚಿಂತಾಮಣಿ ಕಡೆಯ ಕೇಬಲ್ ವಾಹಿನಿಗೆ ಕಬಡ್ಡಿ ಪಂದ್ಯಾವಳಿಯ ನೇರ ಪ್ರಸಾರ ಮಾಡಲು ಹೊರಟಿದ್ದೀರಿ. ನಡುವೆ ಮಳೆ ಬಂದರೆ ಟಿಆರ್‌ಪಿಗೆ ಎಷ್ಟು ಹೊಡೆತ, ಆ ಖಾಲಿ ಹೊತ್ತಿನಲ್ಲಿ ಹಳೆಯ ಸಿನಿಮಾ ಹಾಕುವುದೋ ಜಾಹೀರಾತು ಹಾಕುವುದೋ ಎಂದು ಕೇಳಿದ್ದೀರಿ. ಎರಡೂ ಬೇಡ. ನಿಮ್ಮ ಪ್ರಶ್ನೆ ಓದಿದ ಕೂಡಲೇ ನನಗೆ ಒದ್ದೆ ಮ್ಯಾಟಿನ ರಬ್ಬರ್ ವಾಸನೆ ಮೂಗಿಗೆ ಬಡಿದಂತಾಯಿತು.

2015ರ ಮೇ ತಿಂಗಳು, ತುಮಕೂರು. ಬಿ.ಎಚ್. ರಸ್ತೆಯಲ್ಲಿ ಒಂದು ಮಹಡಿಯ ಮೇಲಿನ ಎರಡು ಕೋಣೆಗಳಲ್ಲಿ ನಾನೂ ನನ್ನ ಭಾವಮೈದುನನೂ ಸ್ಥಳೀಯ ವಾಹಿನಿಯೊಂದನ್ನು ನಡೆಸುತ್ತಿದ್ದೆವು. ಸೆಟ್ ಟಾಪ್ ಬಾಕ್ಸ್ ಇನ್ನೂ ನಮ್ಮೂರಿನಲ್ಲಿ ಕಡ್ಡಾಯವಾಗಿರಲಿಲ್ಲ. ಕೇಬಲ್ ಎಳೆದ ಮನೆಗಳಲ್ಲೆಲ್ಲ ನಮ್ಮ ವಾಹಿನಿ ತಾನಾಗಿ ಬರುತ್ತಿತ್ತು. ಪ್ರೊ ಕಬಡ್ಡಿ ಶುರುವಾಗಿ ವರ್ಷ ತುಂಬುತ್ತಾ ಬಂದಿತ್ತು, ಹುಡುಗರಿಗೆಲ್ಲ ಅದರದೇ ಗುಂಗು. ಕಾಲೇಜೊಂದರ ಮೈದಾನದಲ್ಲಿ ಹೊನಲು ಬೆಳಕಿನ ಪಂದ್ಯಾವಳಿ ನಡೆಯಿತು. ನಾವು ಮೂರು ಕ್ಯಾಮೆರಾ, ಒಂದು ಕ್ಯಾಮೆರಾದಿಂದ ಇನ್ನೊಂದಕ್ಕೆ ದೃಶ್ಯ ಬದಲಿಸುವ ಸ್ವಿಚರ್, ಬಾಡಿಗೆಯ ಜನರೇಟರ್ ಹೊತ್ತುಕೊಂಡು ಹೋದೆವು. ವೀಕ್ಷಕ ವಿವರಣೆಗೆ ಸರ್ಕಾರಿ ಪ್ರೌಢಶಾಲೆಯ ದೈಹಿಕ ಶಿಕ್ಷಕರೊಬ್ಬರು. ಮೇಷ್ಟ್ರು ಎಂದರೆ ಸಾಕು, ಊರಿಗೆ ಊರೇ ಗುರುತು ಹಿಡಿಯುತ್ತಿತ್ತು.

ಫೈನಲ್‌ಗೆ ಗುಬ್ಬಿ ಕಡೆಯ ತಂಡ, ಮಧುಗಿರಿ ಕಡೆಯ ತಂಡ. ಮೊದಲ ಅರ್ಧ ಮುಗಿದಾಗ 14–13. ಎಂಟೂಮುಕ್ಕಾಲರ ಹೊತ್ತಿಗೆ ಗುಡುಗು, ಹಿಂದೆಯೇ ದಪ್ಪ ಹನಿ. ಮೇ ತಿಂಗಳ ಸಂಜೆ ನಮ್ಮ ಕಡೆ ಗುಡುಗು ಮಳೆ ಬರುವುದು ಪಂಚಾಂಗ ನೋಡಿ ಹೇಳಬೇಕಾದ ವಿಷಯವಲ್ಲ. ಆದರೂ ನಮ್ಮ ಬಳಿ ಇದ್ದ ಏಕೈಕ ಸಿದ್ಧತೆ ಮೂರು ಗೊಬ್ಬರದ ಚೀಲ. ಅವನ್ನು ಕ್ಯಾಮೆರಾಗಳ ಮೇಲೆ ಹೊದಿಸಿದೆವು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಇದನ್ನು ನಿಧಾನವಾಗಿಯೇ ಹೇಳಬೇಕು, ಏಕೆಂದರೆ ಆ ಹೊತ್ತಿನಲ್ಲಿ ಅದು ತಪ್ಪಿನಂತೆ ಕಾಣಲೇ ಇಲ್ಲ, ಬುದ್ಧಿವಂತಿಕೆಯಂತೆ ಕಂಡಿತು.

ಕ್ರಿಕೆಟ್‌ನಲ್ಲಿ ಓವರ್‌ಗೊಮ್ಮೆ ಜಾಹೀರಾತಿಗೆ ಜಾಗ ಸಿಗುತ್ತದೆ. ಕಬಡ್ಡಿಯಲ್ಲಿ ಹಾಗಿಲ್ಲ. ಇಪ್ಪತ್ತು ನಿಮಿಷದ ಎರಡು ಅರ್ಧ, ನಡುವೆ ಐದು ನಿಮಿಷ, ಅಲ್ಲೊಂದು ಇಲ್ಲೊಂದು ಅರೆ ನಿಮಿಷದ ಟೈಮ್ ಔಟ್. ರೈಡ್‌ಗೆ 30 ಸೆಕೆಂಡು, ಒಬ್ಬ ಹಿಂದಿರುಗುವಷ್ಟರಲ್ಲಿ ಇನ್ನೊಬ್ಬ ಗೆರೆ ದಾಟಿರುತ್ತಾನೆ. ನಾನೋ ಫೈನಲ್‌ಗೆಂದು 40 ಜಾಹೀರಾತು ಸ್ಪಾಟ್ ಮಾರಿಬಿಟ್ಟಿದ್ದೆ. ಅದರಲ್ಲಿ 16 ಎಂ.ಜಿ. ರಸ್ತೆಯ ಜವಳಿ ಅಂಗಡಿಯ ಶೆಟ್ಟರದು. ಇಷ್ಟನ್ನು ಎಲ್ಲಿ ತುರುಕುವುದು ಎಂದು ಮೂರು ದಿನದಿಂದ ನಿದ್ದೆ ಇರಲಿಲ್ಲ. ಮಳೆ ಬಂದಾಗ, ನಿಜ ಹೇಳುತ್ತೇನೆ, ನನಗೆ ಸಂತೋಷವಾಯಿತು. ಒಪ್ಪಂದದ ಚೀಟಿಯಲ್ಲಿ ‘ಫೈನಲ್‌ನ ನೇರ ಪ್ರಸಾರದ ಅವಧಿಯಲ್ಲಿ’ ಎಂದು ಬರೆದಿತ್ತು. ಮಳೆಯೂ ಆ ಅವಧಿಯಲ್ಲೇ ಬಂದಿತ್ತಲ್ಲ! ನಲವತ್ತನ್ನೂ ಸಾಲಾಗಿ ಬಿಟ್ಟೆ. ಮುಗಿದ ಮೇಲೆ, ಖಾಲಿ ಬಿಡುವುದೇಕೆ ಎಂದು ಮತ್ತೊಂದು ಸುತ್ತು ಬಿಟ್ಟೆ. ಶೆಟ್ಟರ ಅಂಗಡಿಯ ಹಾಡು ಒಂದೇ ಗಂಟೆಯಲ್ಲಿ ಮೂವತ್ತು ಸಲಕ್ಕಿಂತ ಹೆಚ್ಚು ಹೋಗಿರಬೇಕು. ನಡುನಡುವೆ ಒಂದು ನೀಲಿ ಫಲಕ: ‘ಮಳೆಯ ಕಾರಣ ಪಂದ್ಯ ತಡವಾಗಿದೆ. ಶೀಘ್ರದಲ್ಲೇ ಆರಂಭವಾಗಲಿದೆ.’

ಆ ‘ಶೀಘ್ರದಲ್ಲೇ’ ಎಂಬ ಪದವನ್ನು ನಾನು ಇಂದಿಗೂ ಕ್ಷಮಿಸಿಲ್ಲ. ಸಂಘಟಕರು ನನ್ನ ಕಿವಿಯಲ್ಲಿ ಸ್ಪಷ್ಟವಾಗಿ ಹೇಳಿದ್ದರು: ‘ಒಂಬತ್ತೂವರೆಗೆ ಮ್ಯಾಟ್ ನೋಡುತ್ತೇವೆ, ಹತ್ತೂವರೆಯೊಳಗೆ ಆಗದಿದ್ದರೆ ನಾಳೆ ಬೆಳಿಗ್ಗೆ.’ ಎರಡು ಸಮಯ ನನ್ನ ಕೈಯಲ್ಲಿದ್ದವು. ಎರಡನ್ನೂ ಫಲಕಕ್ಕೆ ಹಾಕಲಿಲ್ಲ. ಒಂಬತ್ತೂವರೆ ಎಂದರೆ ಜನ ಅಲ್ಲಿಯವರೆಗೆ ಬೇರೆ ಕಡೆ ಹೋಗಿಬಿಡುತ್ತಾರೆ, ಶೀಘ್ರದಲ್ಲೇ ಎಂದರೆ ಕಾಯುತ್ತಾರೆ ಎಂದು ಲೆಕ್ಕ ಹಾಕಿದೆ. ನೋಡಿ, ಇದೇ ತಲೆಕೆಳಗಾದ ಲೆಕ್ಕ. ಸಮಯ ಗೊತ್ತಿದ್ದವನು ಊಟ ಮುಗಿಸಿ ಬರುತ್ತಾನೆ. ಸಮಯ ಗೊತ್ತಿಲ್ಲದವನು ಹತ್ತು ನಿಮಿಷ ಬೈದು ಐಪಿಎಲ್‌ಗೆ ಹೋಗುತ್ತಾನೆ, ಅಲ್ಲೇ ಉಳಿಯುತ್ತಾನೆ.

ಇನ್ನೂ ಒಂದಿದೆ. ಮೇಷ್ಟ್ರು ತಲೆಯ ಮೇಲೆ ಟವೆಲ್ ಹಾಕಿಕೊಂಡು ನನ್ನ ಹತ್ತಿರ ಬಂದು, ‘ಒಂದು ಕ್ಯಾಮೆರಾ ಇಡಪ್ಪ, ನನಗೆ ಮೈಕ್ ಕೊಡು. ಮಳೆ ನಿಲ್ಲುವವರೆಗೂ ನಾನು ಮಾತಾಡುತ್ತೇನೆ’ ಎಂದರು. ಆಗ ಮೈದಾನದಲ್ಲಿ ಏನು ನಡೆಯುತ್ತಿತ್ತು ಗೊತ್ತೇ? ಎರಡೂ ತಂಡದ ಹುಡುಗರು, ಐದು ನಿಮಿಷದ ಹಿಂದೆ ಒಬ್ಬರ ಕಾಲು ಒಬ್ಬರು ಹಿಡಿದು ಎಳೆದಾಡಿದವರು, ಅಕ್ಕಪಕ್ಕದಲ್ಲಿ ಮೊಣಕಾಲೂರಿ ಕುಳಿತು ಮ್ಯಾಟಿನ ನೀರನ್ನು ಲುಂಗಿ, ಬೆಡ್‌ಶೀಟುಗಳಲ್ಲಿ ಒತ್ತಿ ಬಕೆಟಿಗೆ ಹಿಂಡುತ್ತಿದ್ದರು. ಗುಬ್ಬಿಯ ನಾಯಕ ಬಕೆಟ್ ಎತ್ತಿಕೊಂಡು ಓಡುವಾಗ ಜಾರಿ ಬಿದ್ದ. ಮಧುಗಿರಿಯವನು ಅವನ ಕೈ ಹಿಡಿದು ಎಬ್ಬಿಸಿದ. ನೆರೆದಿದ್ದವರೆಲ್ಲ ಶಿಳ್ಳೆ ಹೊಡೆದರು. ಅದನ್ನು ಮೈದಾನದಲ್ಲಿದ್ದವರು ನೋಡಿದರು. ಟಿವಿಯ ಮುಂದೆ ಕುಳಿತವರು ಶೆಟ್ಟರ ಅಂಗಡಿಯ ರೇಷ್ಮೆ ಸೀರೆ ನೋಡಿದರು. ‘ಡೀಸೆಲ್ ಖರ್ಚು ಮೇಷ್ಟ್ರೇ, ಕುಳಿತುಕೊಳ್ಳಿ’ ಎಂದುಬಿಟ್ಟೆ ನಾನು.

ಪಂದ್ಯ ಮತ್ತೆ ಶುರುವಾದಾಗ 10.20. ನಮಗೆ ಮೀಟರೂ ಇರಲಿಲ್ಲ, ಟಿಆರ್‌ಪಿಯೂ ಇರಲಿಲ್ಲ. ಇದ್ದದ್ದು ಒಂದು ಸ್ಥಿರ ದೂರವಾಣಿ. ಪ್ರತಿ ಅರ್ಧದಲ್ಲಿ ತೆರೆಯ ಮೇಲೆ ಒಂದು ಪ್ರಶ್ನೆ, ಸರಿಯುತ್ತರಕ್ಕೆ ಶೆಟ್ಟರ ಕಡೆಯಿಂದ ಒಂದು ಸೀರೆ. ಮೊದಲ ಅರ್ಧದಲ್ಲಿ ಕಚೇರಿಯ ಹುಡುಗನಿಗೆ ರಿಸೀವರ್ ಕೆಳಗಿಡಲು ಆಗಿರಲಿಲ್ಲ. ಎರಡನೆಯ ಅರ್ಧದಲ್ಲಿ ಬಂದದ್ದು ಮೂರು ಕರೆ, ಅದರಲ್ಲೊಂದು ರಾಂಗ್ ನಂಬರ್. ಆ ಫೈನಲ್ ಸಮವಾಯಿತು, ಐದೈದು ರೈಡ್ ಆದ ಮೇಲೂ ಸಮವಾಯಿತು, ಗೋಲ್ಡನ್ ರೈಡ್‌ನಲ್ಲಿ ಗುಬ್ಬಿ ಗೆದ್ದಿತು. ಅಂಥ ಪಂದ್ಯವನ್ನು ನಾನು ಆಮೇಲೆ ನೋಡಿಲ್ಲ. ತುಮಕೂರಂತೂ ಅದನ್ನೇ ನೋಡಲಿಲ್ಲ.

ಮರುದಿನ ಬೆಳಿಗ್ಗೆ ಬಾಕಿ ಹಣಕ್ಕೆ ಹೋದರೆ ಶೆಟ್ಟರು ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತಿದ್ದರು. ‘ಹದಿನಾರು ಸಲ ಹಾಕು ಎಂದರೆ ಮೂವತ್ತು ಸಲ ಹಾಕಿದೆಯಲ್ಲಪ್ಪ. ರಾತ್ರಿ ಆ ಹಾಡು ಕೇಳಿ ಕೇಳಿ ನಮ್ಮ ಮನೆಯವರೇ ಟಿವಿ ಆರಿಸಿದರು’ ಎಂದರು. ಹೆಚ್ಚಿಗೆ ಹಾಕಿದ್ದಕ್ಕೆ ದುಡ್ಡು ಕೇಳುವುದಿಲ್ಲ ಶೆಟ್ಟರೇ ಎಂದೆ. ‘ಹಾಕಿದ್ದಕ್ಕೂ ಕೊಡುವುದಿಲ್ಲ’ ಎಂದರು. ಕೊಡಲೂ ಇಲ್ಲ. ಮುಂದಿನ ವರ್ಷದ ಪಂದ್ಯಾವಳಿ ಬೇರೆಯವರ ಪಾಲಾಯಿತು, ಅದರ ಹಿಂದೆ ವಾಹಿನಿಯೂ ಹೋಯಿತು.

ಆಮೇಲೆ ನಾಲ್ಕು ವರ್ಷ ದಿನವೂ ತುಮಕೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಓಡಾಡಿ ಮನರಂಜನಾ ವಾಹಿನಿಯೊಂದರ ಕಾರ್ಯಕ್ರಮ ವೇಳಾಪಟ್ಟಿ ವಿಭಾಗದಲ್ಲಿ ದುಡಿದೆ. ಗುರುವಾರ, ಅಂದರೆ ಟಿಆರ್‌ಪಿ ಲೆಕ್ಕ ಹಾಕುವ ಬಾರ್ಕ್ ಸಂಸ್ಥೆಯ ಅಂಕಿ ಬರುವ ದಿನ, ಅಲ್ಲಿ ಯಾರೂ ಸರಿಯಾಗಿ ತಿಂಡಿ ತಿನ್ನುತ್ತಿರಲಿಲ್ಲ. ಅಲ್ಲಿ ಕಲಿತದ್ದರಿಂದ ನಿಮ್ಮ ಪ್ರಶ್ನೆಯ ಮೊದಲ ಭಾಗಕ್ಕೆ ಉತ್ತರ ಕೊಡಬಲ್ಲೆ.

ಮೊದಲನೆಯದಾಗಿ, ನಿಮಗೆ ಟಿಆರ್‌ಪಿ ಎಂಬುದೇ ಇಲ್ಲ. ದೇಶದಲ್ಲಿ ಟಿವಿ ಇರುವ ಮನೆಗಳು 20 ಕೋಟಿಗೂ ಹೆಚ್ಚು. ಬಾರ್ಕ್ ಮೀಟರ್ ಇಟ್ಟಿರುವುದು 50 ಸಾವಿರ ಚಿಲ್ಲರೆ ಮನೆಗಳಲ್ಲಿ. ವಾಹಿನಿಯ ಧ್ವನಿಯಲ್ಲಿ ನಮ್ಮ ಕಿವಿಗೆ ಕೇಳದ ಒಂದು ಗುರುತು ಅಡಗಿರುತ್ತದೆ, ಮೀಟರ್ ಅದನ್ನು ಹಿಡಿಯುತ್ತದೆ. ಮನೆಯಲ್ಲಿ ಯಾರು ನೋಡುತ್ತಿದ್ದಾರೆ ಎಂಬುದಕ್ಕೆ ಪ್ರತಿಯೊಬ್ಬರಿಗೂ ಒಂದು ಗುಂಡಿ. ಮಳೆಯ ಹೊತ್ತಿನಲ್ಲಿ ಊಟಕ್ಕೆ ಎದ್ದವನು ತನ್ನ ಗುಂಡಿ ಒತ್ತಿ ಹೋಗಬೇಕು. ಮುದ್ದೆ ತಣ್ಣಗಾಗುತ್ತಿರುವಾಗ ಅದು ಯಾರಿಗೆ ನೆನಪಿರುತ್ತದೆ, ನೀವೇ ಹೇಳಿ. ನಿಮ್ಮ ಕೇಬಲ್ ವಾಹಿನಿಯ ಧ್ವನಿಯಲ್ಲಿ ಆ ಗುರುತು ಇಲ್ಲ. ಆದ್ದರಿಂದ ಜಾಹೀರಾತು ಕೊಡುವವರ ಮುಂದೆ ಟಿಆರ್‌ಪಿ ಎಂಬ ಮಾತನ್ನೇ ಎತ್ತಬೇಡಿ.

ಎರಡನೆಯದು, ದೊಡ್ಡ ವಾಹಿನಿಗಳಲ್ಲೂ ‘ತಡವಾದರೆ ರೇಟಿಂಗ್ ಬೀಳುತ್ತದೆ’ ಎಂಬುದು ಅರ್ಧ ಸತ್ಯ. ರೇಟಿಂಗ್ ಎಂದರೆ ನಿಮಿಷಕ್ಕೆ ಸರಾಸರಿ ಎಷ್ಟು ಜನ ನೋಡಿದರು ಎಂಬ ಲೆಕ್ಕ. ಮೂರು ಗಂಟೆಯ ಪಂದ್ಯವನ್ನು ಸರಾಸರಿ 100 ಜನ ನೋಡಿದರು ಎಂದುಕೊಳ್ಳಿ. ನಡುವೆ ಒಂದು ಗಂಟೆ ಮಳೆ, ಆಗ ಉಳಿದವರು 40. ಆ ಗಂಟೆಯನ್ನೂ ಪಂದ್ಯಕ್ಕೇ ಸೇರಿಸಿದರೆ ಸರಾಸರಿ 85ಕ್ಕೆ ಇಳಿಯುತ್ತದೆ. ಬೇರೆ ಕಾರ್ಯಕ್ರಮ ಎಂದು ಬರೆದಿಟ್ಟರೆ 100 ಹಾಗೆಯೇ ಉಳಿಯುತ್ತದೆ. ಜನ ನೋಡಿದ ಒಟ್ಟು ನಿಮಿಷಗಳಂತೂ ಎರಡೂ ಲೆಕ್ಕದಲ್ಲಿ 18,000ದಿಂದ 20,400ಕ್ಕೆ ಏರಿರುತ್ತವೆ! 2013ರ ಫೆಬ್ರುವರಿಯಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಅಮೆರಿಕದ ಫುಟ್‌ಬಾಲ್‌ನ ಸೂಪರ್ ಬೌಲ್ ನಡೆಯುವಾಗ ಕ್ರೀಡಾಂಗಣದ ಅರ್ಧ ದೀಪಗಳು ಆರಿ ಆಟ 34 ನಿಮಿಷ ನಿಂತಿತ್ತು. ಸಿಬಿಎಸ್ ವಾಹಿನಿಗೆ ಸಿಕ್ಕ ಸರಾಸರಿ 10.8 ಕೋಟಿ ವೀಕ್ಷಕರು. ಆ ಲೆಕ್ಕದಲ್ಲಿ ಕತ್ತಲೆಯ ಹೊತ್ತು ಸೇರಿಲ್ಲ.

ನಮ್ಮದೇ ಉದಾಹರಣೆ ಬೇಕೆಂದರೆ 2023ರ ಐಪಿಎಲ್ ಫೈನಲ್. ಮೇ 28ರ ಭಾನುವಾರ ಅಹಮದಾಬಾದ್‌ನಲ್ಲಿ ಒಂದು ಚೆಂಡೂ ಬೀಳಲಿಲ್ಲ. ಸೋಮವಾರ ಗುಜರಾತ್ 214 ಹೊಡೆಯಿತು, ಚೆನ್ನೈ ಮೂರು ಚೆಂಡು ಆಡುವಷ್ಟರಲ್ಲಿ ಮತ್ತೆ ಮಳೆ. ರಾತ್ರಿ 12.10ಕ್ಕೆ ಆಟ ಮುಂದುವರಿಯಿತು, 15 ಓವರ್‌ಗೆ 171 ಗುರಿ. ಕೊನೆಯ ಎರಡು ಚೆಂಡಿಗೆ ಹತ್ತು ರನ್ ಬೇಕಿದ್ದಾಗ ಜಡೇಜ ಒಂದು ಸಿಕ್ಸರ್, ಒಂದು ಬೌಂಡರಿ ಹೊಡೆದಾಗ ಗಡಿಯಾರ ಒಂದೂವರೆಯ ಆಸುಪಾಸು. ಒಂದು ದಿನ ತಡವಾದ ಆ ಪಂದ್ಯಕ್ಕೆ ಜಿಯೋ ಸಿನಿಮಾದಲ್ಲಿ ಒಂದೇ ಹೊತ್ತಿಗೆ 3.2 ಕೋಟಿ ಜನ ಇದ್ದರು. ಜನ ಹೋಗಲಿಲ್ಲ, ಏಕೆಂದರೆ ಪಂದ್ಯ ಮರುದಿನ ಇದೆ, ಇಷ್ಟು ಗಂಟೆಗೆ ಇದೆ ಎಂದು ಅವರಿಗೆ ಗೊತ್ತಿತ್ತು. ಲೀಗ್ ಪಂದ್ಯಗಳಲ್ಲೂ ಅಷ್ಟೇ. ಐದು ಓವರ್‌ಗಳ ಆಟವಾದರೂ ನಡೆಯಬೇಕಾದರೆ ರಾತ್ರಿಯ ಪಂದ್ಯ 10.56ರೊಳಗೆ ಶುರುವಾಗಬೇಕು ಎಂದು ವಿವರಣೆಗಾರರು ಜಪದಂತೆ ಹೇಳುತ್ತಿದ್ದರು. 2025ರ ಮೇ 17ರಂದು ಚಿನ್ನಸ್ವಾಮಿಯಲ್ಲಿ ಆರ್‌ಸಿಬಿ–ಕೋಲ್ಕತ್ತಾ ಪಂದ್ಯ ಒಂದೂ ಎಸೆತ ಕಾಣದೆ ರದ್ದಾದಾಗ ನಾನು ಕ್ಯಾತ್ಸಂದ್ರದ ಒಂದು ಹೋಟೆಲಿನಲ್ಲಿ ತಟ್ಟೆ ಇಡ್ಲಿಯ ಮುಂದೆ ಕುಳಿತಿದ್ದೆ. ಹೊದಿಕೆ ಹೊದ್ದ ಮೈದಾನ, ಕೊಹ್ಲಿಯ ಟೆಸ್ಟ್ ವಿದಾಯಕ್ಕೆಂದು ಬಿಳಿ ಅಂಗಿ ತೊಟ್ಟು ಬಂದ ಜನ, ಸುರಿಯುವ ಮಳೆ. ಇಷ್ಟನ್ನೇ ನೋಡುತ್ತಾ ಪಕ್ಕದ ಮೇಜಿನವರು ಎರಡನೆಯ ಕಾಫಿ ಹೇಳಿದರು.

ಹಳೆಯ ಸಿನಿಮಾ ಬೇಡ ಎಂದದ್ದು ಇದಕ್ಕೇ. ಸಿನಿಮಾ ಹಾಕಿದರೆ ಅದನ್ನು ನೋಡುವವರು ಬೇರೆಯೇ ಜನ. ಅರ್ಧಕ್ಕೆ ನಿಲ್ಲಿಸಿ ಕಬಡ್ಡಿಗೆ ಹೋದರೆ ಅವರೂ ಬೈಯುತ್ತಾರೆ, ಕಬಡ್ಡಿಯವರು ಅಷ್ಟರಲ್ಲಿ ಹೋಗಿಯಾಗಿರುತ್ತದೆ. ಹತ್ತು ಗಂಟೆಯ ಹೊತ್ತಿಗೆಂದು ದುಡ್ಡು ಕೊಟ್ಟ ಜ್ಯೋತಿಷ್ಯ ಕಾರ್ಯಕ್ರಮದವರು ಕಾಯುತ್ತಿದ್ದಾರೆ ಎಂದು ಪಂದ್ಯವನ್ನು ಕತ್ತರಿಸುವ ಯೋಚನೆಯೂ ಬೇಡ. 1968ರ ನವೆಂಬರ್ 17ರಂದು ಅಮೆರಿಕದ ಎನ್‌ಬಿಸಿ ಹಾಗೆಯೇ ಮಾಡಿತ್ತು. ಏಳು ಗಂಟೆಯಾಯಿತೆಂದು ಅಲ್ಲಿನ ಫುಟ್‌ಬಾಲ್ ಪಂದ್ಯ ಬಿಟ್ಟು ಮಕ್ಕಳ ಚಿತ್ರಕ್ಕೆ ಹೋಯಿತು. ಉಳಿದಿದ್ದ ಒಂದು ನಿಮಿಷದ ಆಟದಲ್ಲಿ ಸೋಲುತ್ತಿದ್ದ ಓಕ್ಲೆಂಡ್ ಎರಡು ಟಚ್‌ಡೌನ್ (ನಮ್ಮ ಗೋಲಿನಂಥದ್ದು) ಗಳಿಸಿ ಗೆದ್ದಿತು. ಬೈಗುಳದ ಕರೆಗಳ ರಭಸಕ್ಕೆ ಎನ್‌ಬಿಸಿಯ ದೂರವಾಣಿ ವ್ಯವಸ್ಥೆಯೇ ಕೆಟ್ಟು ನಿಂತಿತು.

ನೀವು ಮಾಡಬೇಕಾದದ್ದು ಇಷ್ಟೇ. ಒಪ್ಪಂದದ ಚೀಟಿಯಲ್ಲಿ ‘ಆಟ ನಡೆಯುವಾಗ ಇಷ್ಟು ಸ್ಪಾಟ್, ಆಟ ನಿಂತಾಗ ಹೆಚ್ಚೆಂದರೆ ಇಷ್ಟು’ ಎಂದು ಎರಡು ಸಾಲು ಬೇರೆ ಬೇರೆ ಬರೆಯಿಸಿ, ಎರಡಕ್ಕೂ ಬೇರೆ ದರ ಹೇಳಿ. ನಲವತ್ತು ಸ್ಪಾಟ್ ಮಾರಲೇಬೇಡಿ. ಕಬಡ್ಡಿಗೆ ಹದಿನೈದೇ ಹೆಚ್ಚು. ಫಲಕದಲ್ಲಿ ಗಂಟೆ ಮತ್ತು ನಿಮಿಷ ಬರೆಯಿರಿ, ಸಮಯ ಬದಲಾದರೆ ಬದಲಾಯಿತೆಂದು ಬರೆಯಿರಿ. ಒಂದು ಕ್ಯಾಮೆರಾ ಮೈದಾನದ ಮೇಲೇ ಇರಲಿ. ಡೀಸೆಲ್ ಲೆಕ್ಕ ಆಮೇಲೆ ಹಾಕಿದರಾಯಿತು. ಮ್ಯಾಟ್ ಒರೆಸುವ ಹುಡುಗರಿಗೆ ಬೆಡ್‌ಶೀಟ್ ನೀವೇ ಒಯ್ದರೆ ಇನ್ನೂ ಒಳ್ಳೆಯದು.

ಅಂದ ಹಾಗೆ, ಆ ಮೇಷ್ಟ್ರು ಈಗ ನಿವೃತ್ತರಾಗಿ ಗುಬ್ಬಿಯ ಹತ್ತಿರ ತೋಟ ನೋಡಿಕೊಂಡಿದ್ದಾರೆ. ಹೋದ ತಿಂಗಳು ಮದುವೆಯೊಂದರಲ್ಲಿ ಸಿಕ್ಕಾಗ, ‘ಅವತ್ತು ಮೈಕ್ ಕೊಡಲಿಲ್ಲ ನೀನು’ ಎಂದು ಊಟದ ಪಂಕ್ತಿಯಲ್ಲೇ ನೆನಪಿಸಿದರು. ನಿಮಗೆ ವಿವರಣೆಗಾರರು ಇನ್ನೂ ಸಿಕ್ಕಿಲ್ಲವಾದರೆ ಹೇಳಿ, ಕೇಳಿ ನೋಡುತ್ತೇನೆ. ಬಸ್ ಚಾರ್ಜು, ಒಂದು ಫ್ಲಾಸ್ಕ್ ಬಿಸಿನೀರು ಕೊಟ್ಟರೆ ಅವರು ಎಷ್ಟು ಮಳೆಗಾದರೂ ಮಾತಾಡುತ್ತಾರೆ.