ಸೈಡ್ ಬಾಕ್ಸ್‌ನೊಳಗೆ ನೀರು: ಸಿಲಿಕೋನ್ ಬಳಿಯೋ ಮುಂಚೆ ಇಷ್ಟು ನೋಡಿ

ನಿಮ್ಮ ಪೋಸ್ಟ್ ಓದಿದೆ. ತೀರ್ಥಹಳ್ಳಿಯಿಂದ ಹೊರಟು ಆಗುಂಬೆ ಘಾಟಿ ಇಳಿದು ಮಳೆಯಲ್ಲಿ ಉಡುಪಿ ಮುಟ್ಟುವಷ್ಟರಲ್ಲಿ ಬೈಕಿನ ಬಲಗಡೆಯ ಅಲ್ಯೂಮಿನಿಯಂ ಬಾಕ್ಸ್‌ನಲ್ಲಿ ಒಂದು ಲೋಟ ನೀರು. ಎಡಗಡೆಯದು ಒಣ. ಹಿಂದಿನ ಪ್ಲಾಸ್ಟಿಕ್ ಟಾಪ್ ಬಾಕ್ಸೂ ಒಣ. ಅಂಗಡಿಯವರು "ಅದು ಲೀಕ್ ಅಲ್ಲ, ಒಳಗೆ ಬೆವರಿದ್ದು" ಅಂದರಂತೆ. ಇಲ್ಲಿ ಅರ್ಧ ಜನ "ಸುತ್ತಲೂ ಸಿಲಿಕೋನ್ ಬಳಿದುಬಿಡಿ" ಅಂದಿದ್ದಾರೆ. ಎರಡನ್ನೂ ಸದ್ಯ ಪಕ್ಕಕ್ಕಿಡಿ.

ಮೊದಲು ಬೆವರಿನ ಲೆಕ್ಕ ಮುಗಿಸೋಣ. ನಿಮ್ಮದು 37 ಲೀಟರ್ ಬಾಕ್ಸ್. 30 ಡಿಗ್ರಿಯಲ್ಲಿ ತೇವ ತುಂಬಿ ತುಳುಕುವ ಗಾಳಿಯಲ್ಲೂ ಒಂದು ಘನ ಮೀಟರ್‌ಗೆ 30 ಗ್ರಾಂನಷ್ಟು ನೀರಿನ ಆವಿ ಇರುತ್ತದೆ, ಅಷ್ಟೇ. 37 ಲೀಟರ್‌ಗೆ ಅದು ಹೆಚ್ಚೂಕಡಿಮೆ 1 ಗ್ರಾಂ. ಅಷ್ಟೂ ಹನಿಯಾಗಿ ಇಳಿದರೂ ಕಾಲು ಚಮಚ ಆಗಲ್ಲ. ಒದ್ದೆ ರೇನ್‌ಕೋಟನ್ನೋ ಗ್ಲೌಸನ್ನೋ ಒಳಗೆ ತುರುಕಿದ್ದರೆ ಮಾತು ಬೇರೆ. ಹಾಗೆ ಮಾಡಿಲ್ಲ ಅಂತ ನೀವೇ ಬರೆದಿದ್ದೀರಿ. ಹಾಗಾದರೆ ಒಂದು ಲೋಟ ನೀರು ಹೊರಗಿಂದಲೇ ಬಂದಿರೋದು. ಅಂಗಡಿಯವರಿಗೆ ಈ ಲೆಕ್ಕ ತೋರಿಸಿ.

ಈಗ ಮುಖ್ಯ ವಿಷಯ. ಮಳೆ ಜೋರಾಗಿ ಹೊಡೆದು ನೀರು ನುಗ್ಗುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಎದುರುಗಾಳಿಯ ಒತ್ತಡ ಅಷ್ಟೇನೂ ದೊಡ್ಡದಲ್ಲ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಗಾಳಿ ತಳ್ಳುವ ಬಲ 3 ಸೆಂ.ಮೀ. ಎತ್ತರದ ನೀರಿನ ಒತ್ತಡಕ್ಕೆ ಸಮ. ಸುಮಾರಾದ ಬೀಡಿಂಗ್ (ಮುಚ್ಚಳದ ಸುತ್ತ ಕೂರಿಸಿರುವ ರಬ್ಬರ್ ಪಟ್ಟಿ) ಕೂಡ ಇದನ್ನು ತಡೆಯುತ್ತದೆ. ಅಸಲಿ ತೊಂದರೆ ಏನಂದರೆ, ಬಾಕ್ಸ್ ತಾನೇ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ.

ಬಿಸಿಲಲ್ಲಿ ಓಡಿಸಿ, ಬಾಕ್ಸ್ ಒಳಗಿನ ಗಾಳಿ 45 ಡಿಗ್ರಿಗೆ ಏರಿದೆ ಅಂತಿಟ್ಟುಕೊಳ್ಳಿ. ಕಾದ ಗಾಳಿ ಹಿಗ್ಗಿ ಸಂದಿಯಿಂದ ಒಂದಿಷ್ಟು ಹೊರಗೆ ಹೋಗಿರುತ್ತದೆ. ಆಮೇಲೆ ಮಳೆ ಬಿದ್ದು ತಗಡು ತಣ್ಣಗಾಗಿ ಒಳಗೆ 22 ಡಿಗ್ರಿ ಆಯಿತು. ಒಳಗಿನ ಒತ್ತಡ ಶೇ. 7ರಷ್ಟು ಕುಸಿಯುತ್ತದೆ. ನೀರಿನ ಲೆಕ್ಕದಲ್ಲಿ ಹೇಳಿದರೆ ಸುಮಾರು 70 ಸೆಂ.ಮೀ. ಎತ್ತರದ ಎಳೆತ. ಎದುರುಗಾಳಿಯ 3 ಸೆಂ.ಮೀ. ಎಲ್ಲಿ, ಇದೆಲ್ಲಿ!

ನಿಮ್ಮ ದಾರಿಯಲ್ಲಿ ಇನ್ನೊಂದು ಸೇರಿಕೊಂಡಿದೆ. ಆಗುಂಬೆ ಸಮುದ್ರಮಟ್ಟದಿಂದ 640 ಮೀಟರ್ ಆಸುಪಾಸು ಎತ್ತರದಲ್ಲಿದೆ. ಉಡುಪಿ ಕರಾವಳಿ. ಇಳಿಯುತ್ತಾ ಹೋದ ಹಾಗೆ ಹೊರಗಿನ ಗಾಳಿಯ ಒತ್ತಡ ಮತ್ತೆ ಶೇ. 7ರ ಹತ್ತಿರ ಏರುತ್ತದೆ. ಮೇಲೆ ಟೀ ಕುಡಿದು ನೀರಿನ ಬಾಟಲಿ ಖಾಲಿ ಮಾಡಿ ಮುಚ್ಚಳ ಬಿಗಿ ಮಾಡಿಟ್ಟರೆ, ಕೆಳಗೆ ಹೋಗುವಷ್ಟರಲ್ಲಿ ಅದು ಸೊಟ್ಟಗಾಗಿರುತ್ತದೆ ನೋಡಿ, ಅದೇ ಕಾರಣ. ಬಾಟಲಿ ಸೊಟ್ಟಗಾಗುತ್ತದೆ. ಅಲ್ಯೂಮಿನಿಯಂ ಡಬ್ಬಿ ಸೊಟ್ಟಗಾಗಲ್ಲ, ಅದಕ್ಕೆ ಗಾಳಿ ಬೇಕೇ ಬೇಕು. ಸಂದಿ ಒಣಗಿದ್ದರೆ ಗಾಳಿ ಎಳೆಯುತ್ತದೆ. ಅದೇ ಸಂದಿಯ ಮೇಲೆ ನೀರು ನಿಂತಿದ್ದರೆ ನೀರು ಎಳೆಯುತ್ತದೆ. 37 ಲೀಟರ್‌ನಲ್ಲಿ ಶೇ. 7 ಅಂದರೆ ಎರಡೂವರೆ ಲೀಟರ್ ಜಾಗ. ಅದರಲ್ಲಿ ಚೂರು ಭಾಗ ನೀರಾಗಿ ಬಂದರೂ ನಿಮ್ಮ ಲೋಟ ತುಂಬಿತು.

ಬಲಗಡೆಯದೇ ಯಾಕೆ? ನಿಮ್ಮ ಬೈಕ್ ಹಿಮಾಲಯನ್. ಸೈಲೆನ್ಸರ್ ಬಲಕ್ಕಿದೆ. ಆ ಬಾಕ್ಸ್ ಜಾಸ್ತಿ ಕಾಯುತ್ತದೆ, ಮಳೆ ಬಿದ್ದಾಗ ಜಾಸ್ತಿ ಎಳೆಯುತ್ತದೆ. ಜೊತೆಗೆ ಸೈಡ್ ಸ್ಟ್ಯಾಂಡ್ ಹಾಕಿದಾಗ ಬೈಕ್ ಎಡಕ್ಕೆ ವಾಲುತ್ತದೆ. ಆಗ ಬಲಗಡೆಯ ಮುಚ್ಚಳದ ಮೇಲಿನ ನೀರು ಸೀಟಿನ ಕಡೆಯ ಅಂಚಿಗೆ ಹೋಗಿ ನಿಲ್ಲುತ್ತದೆ. ಆ ಅಂಚಿನಲ್ಲಿ ಬೀಡಿಂಗ್ ಸರಿಯಾಗಿ ಕೂತಿಲ್ಲದಿದ್ದರೆ ಮುಗೀತು. ಚಹಾಕ್ಕೆ ನಿಲ್ಲಿಸಿದ ಹತ್ತು ನಿಮಿಷದಲ್ಲೇ, ಬೈಕ್ ಓಡದೇ ಇರುವಾಗಲೇ, ನೀರು ಒಳಗೆ ಹೋಗಿರಬಹುದು.

ಅದಕ್ಕೇ ಹೇಳೋದು, ಮನೆಯಲ್ಲಿ ತಣ್ಣಗಿರುವ ಬಾಕ್ಸ್ ಮೇಲೆ ಪೈಪ್ ಹಿಡಿದು "ಪಾಸ್ ಆಯಿತು" ಅಂದರೆ ಆಗಲ್ಲ. ಮುಚ್ಚಿದ ಬಾಕ್ಸನ್ನು ಬಿಸಿಲಲ್ಲಿ ಒಂದು ಗಂಟೆ ಇಡಿ. ಮುಟ್ಟಿದರೆ ಚುರ್ ಅನ್ನಬೇಕು. ಒಳಗೆ ಎಲ್ಲಾ ಮೂಲೆಗೂ ನ್ಯೂಸ್‌ಪೇಪರ್ ಹಾಸಿರಬೇಕು. ಆಮೇಲೆ ಬಾವಿ ನೀರೋ ಬೋರ್ ನೀರೋ, ಚೆನ್ನಾಗಿ ತಣ್ಣಗಿರುವುದನ್ನು ಮುಚ್ಚಳದ ಮೇಲೆ ನಿಧಾನಕ್ಕೆ ಹತ್ತು ನಿಮಿಷ ಬಿಡಿ. ಹೊರಗೆ ಚೆನ್ನಾಗಿ ಒರೆಸಿ ತೆಗೆಯಿರಿ. ಪೇಪರ್ ಯಾವ ಮೂಲೆಯಲ್ಲಿ ಒದ್ದೆ ಅನ್ನೋದು ಗೊತ್ತಾಗುತ್ತದೆ. ಮುಚ್ಚಳ ತೆಗೆಯುವಾಗ ಪುಸ್ಸ್ ಅಂತ ಗಾಳಿ ಎಳೆದ ಸದ್ದು ಬಂದರೆ ಖುಷಿಪಡಿ, ಬೀಡಿಂಗ್ ಕೆಲಸ ಮಾಡುತ್ತಿದೆ.

ಒದ್ದೆಯಾದರೆ ಎಲ್ಲಿಂದ ಅಂತ ಹುಡುಕೋಕೆ ಎರಡು ದಾರಿ.

ಡಬ್ಬಿಯ ಹೊಟ್ಟೆಗೆ: ಬೈಕಿನಿಂದ ಬಿಚ್ಚಿ ಒಣ ಸಿಮೆಂಟ್ ನೆಲದ ಮೇಲೆ ಎರಡು ಇಟ್ಟಿಗೆ ಮೇಲಿಡಿ. ಒಳಗೆ ಬಕೆಟ್‌ನಿಂದ ನೀರು ತುಂಬಿ, ಸ್ಟೇಗೆ, ಅಂದರೆ ಬಾಕ್ಸ್ ಹಿಡಿಯುವ ಫ್ರೇಮಿಗೆ, ಕೂರಿಸುವ ಬೋಲ್ಟ್‌ಗಳು ಮುಳುಗುವಷ್ಟು. ಒಳಗಿಂದ ಹೊರಗೆ ಜಿನುಗುವ ಕಡೆಯೇ ಹೊರಗಿಂದ ಒಳಗೂ ಬರುವ ಕಡೆ. ಮೂಲೆಯ ವೆಲ್ಡಿಂಗ್, ರಿವೆಟ್, ಬೋಲ್ಟ್ ತೂತು ಎಲ್ಲಾ ಒಂದೇ ಸಲ ಗೊತ್ತಾಗುತ್ತದೆ. ಮುಚ್ಚಳವನ್ನೂ ಅಂಗಾತ ಮಾಡಿ ನೀರು ಹಾಕಿ. ಹಗ್ಗ ಕಟ್ಟೋಕೆ ಮೇಲೆ ಕೊಂಡಿ ಕೊಟ್ಟಿರುತ್ತಾರಲ್ಲ, ಅದರ ರಿವೆಟ್ ಸೋರುವುದು ಬಹಳ ಸಾಮಾನ್ಯ. ಯಾರೂ ಅತ್ತ ನೋಡುವುದೇ ಇಲ್ಲ.

ಬೀಡಿಂಗ್‌ಗೆ: ಶಾಲೆಯ ಸೀಮೆಸುಣ್ಣ ಸಾಕು. ಬೀಡಿಂಗನ್ನು ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿ. ಡಬ್ಬಿಯ ಬಾಯಿಯ ಅಂಚಿಗೆ ಸುತ್ತಲೂ ಸೀಮೆಸುಣ್ಣ ದಪ್ಪಗೆ ಉಜ್ಜಿ. ಮುಚ್ಚಿ, ಎರಡೂ ಕ್ಲಿಪ್ ಹಾಕಿ, ತೆಗೆಯಿರಿ. ಕಪ್ಪು ರಬ್ಬರ್ ಮೇಲೆ ಬಿಳಿ ಗೆರೆ ಮೂಡಿರುತ್ತದೆ. ಗೆರೆ ತುಂಡಾದ ಕಡೆ ಸಂದಿ. ಗೆರೆ ಸಣಕಲಾದ ಕಡೆ ಒತ್ತು ಸಾಲದು. ಹಡಗಿನ ಸರಕಿನ ಮುಚ್ಚಳಗಳನ್ನೂ ಹೀಗೇ ಸೀಮೆಸುಣ್ಣ ಹಚ್ಚಿ ನೋಡುತ್ತಾರೆ, ಆದ್ದರಿಂದ ಇದು ಹಳ್ಳಿ ಬುದ್ಧಿ ಅಂತ ನಗಬೇಡಿ. ಸಾಮಾನ್ಯವಾಗಿ ತಪ್ಪು ಸಿಗೋದು ಮೂಲೆಗಳಲ್ಲಿ, ಎರಡು ಕ್ಲಿಪ್‌ಗಳ ನಡುವೆ, ಮತ್ತು ರಬ್ಬರ್ ತುದಿಗಳು ಸೇರುವ ಕಡೆ. ಬೈಕ್ ಒಂದು ಸಲ ಬಿದ್ದಿದ್ದರೆ ಮುಚ್ಚಳದ ಮೂಲೆಯೇ ಬಗ್ಗಿರುತ್ತದೆ, ಬರೀ ಕಣ್ಣಿಗೆ ಕಾಣಲ್ಲ, ಗೆರೆ ತೋರಿಸುತ್ತದೆ.

ರಿಪೇರಿ ವಿಷಯಕ್ಕೆ ಬಂದರೆ, ಬೀಡಿಂಗ್ ಚಪ್ಪಟೆಯಾಗಿದ್ದರೆ ಬದಲಿಸಿ, ಬೇರೆ ದಾರಿ ಇಲ್ಲ. ಕಾರಿನ ಬಾಗಿಲಿಗೆ ಹಾಕುವಂಥ ಟೊಳ್ಳು ಇಪಿಡಿಎಂ ರಬ್ಬರ್ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಬೆಂಗಳೂರಾದರೆ ಜೆ.ಸಿ. ರೋಡ್. ಹಳೆಯ ಬೀಡಿಂಗ್‌ನ ಒಂದು ತುಂಡು ಕೊಯ್ದು ಜೊತೆಗೆ ಒಯ್ಯಿರಿ. ಸ್ಪಂಜಿನ ಥರದ್ದು ತರಬೇಡಿ, ಕೆಲವು ಸ್ಪಂಜು ನೀರನ್ನೇ ಹೀರಿಕೊಂಡು ಕೂತಿರುತ್ತದೆ. ತುದಿಗಳು ಸೇರುವ ಜಾಗ ಮೂಲೆಯಲ್ಲಿ ಬೇಡ, ನೇರ ಬದಿಯಲ್ಲಿ ಬರಲಿ. ಎರಡು ಮಿಲಿಮೀಟರ್ ಹೆಚ್ಚಿಗೆ ಉದ್ದ ಬಿಟ್ಟು ನೆಟ್ಟಗೆ ಕೊಯ್ದು, ಒತ್ತಿ ಹಿಡಿದು ಫೆವಿಕ್ವಿಕ್ ಹಾಕಿ.

ಬೀಡಿಂಗ್ ಚೆನ್ನಾಗಿದ್ದು ಒಣಗಿದ್ದರೆ ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿ. ವ್ಯಾಸಲಿನ್, ಬೇರಿಂಗ್ ಗ್ರೀಸ್, ಇಂಜಿನ್ ಆಯಿಲ್ ಹತ್ತಿರಕ್ಕೂ ತರಬೇಡಿ. ಪೆಟ್ರೋಲಿಯಂ ಎಣ್ಣೆ ತಗುಲಿದರೆ ಇಪಿಡಿಎಂ ಊದಿಕೊಂಡು ಮೆತ್ತಗಾಗುತ್ತದೆ.

ಬೋಲ್ಟ್ ತೂತುಗಳಿಗೆ ರಬ್ಬರ್ ವಾಷರ್, ಅದೂ ಹೊರಗಡೆಯಿಂದ. ಹಿಂದಿನ ಚಕ್ರ ಎರಚುವ ಕೆಸರುನೀರು ನೇರ ಆ ಗೋಡೆಗೇ ಹೊಡೆಯುತ್ತದೆ. ಮೂಲೆ, ರಿವೆಟ್ ಸೋರಿದರೆ ಮಾತ್ರ ಸೀಲಂಟ್ ಹಾಕಿ. ಕಾರಿನ ಗ್ಲಾಸ್ ಕೂರಿಸುವ ಪಿಯು (ಪಾಲಿಯುರೆಥೇನ್) ಸೀಲಂಟ್ ಒಳ್ಳೆಯದು. ಸಿಲಿಕೋನೇ ಬೇಕಂದರೆ ನ್ಯೂಟ್ರಲ್ ಅಂತ ಬರೆದಿರೋದನ್ನು ಕೇಳಿ ತನ್ನಿ. ವಿನಿಗರ್ ಥರ ಹುಳಿ ವಾಸನೆ ಬರುವ ಅಗ್ಗದ ಸಿಲಿಕೋನ್ ಅಲ್ಯೂಮಿನಿಯಂ ತಿನ್ನುತ್ತದೆ. ಎಂ-ಸೀಲ್ ಗಟ್ಟಿಯಾಗುತ್ತದೆ, ಆದರೆ ನಮ್ಮ ರಸ್ತೆಯ ಕುಲುಕಾಟಕ್ಕೆ ಬಿರುಕು ಬಿಡುತ್ತದೆ.

ಕ್ಲಿಪ್ ಬಿಗಿ ಮಾಡುವ ವಿಚಾರದಲ್ಲಿ ಉತ್ಸಾಹ ಬೇಡ. ಜಾಸ್ತಿ ಬಿಗಿದರೆ ರಬ್ಬರ್ ಬೇಗ ಚಪ್ಪಟೆಯಾಗುತ್ತದೆ. ಬಾಕ್ಸ್ ಬಿಚ್ಚಿ ಮನೆಯಲ್ಲಿಡುವಾಗ ಕ್ಲಿಪ್ ಬಿಟ್ಟೇ ಇಡಿ, ಅದರಲ್ಲೂ ಬೇಸಿಗೆಯಲ್ಲಿ.

ಇನ್ನು ಒಳ-ಹೊರ ಒತ್ತಡದ ಸಮಸ್ಯೆಯನ್ನು ಬುಡಕ್ಕೇ ಕಡಿಯಬೇಕಂದರೆ ಒಂದು ದಾರಿ ಇದೆ. ಎಲ್‌ಇಡಿ ದೀಪಗಳ ಡಬ್ಬಿಗೆ ಹಾಕುವ ವೆಂಟ್ ಪ್ಲಗ್ ಅಂತ ಬರುತ್ತದೆ, 12 ಮಿ.ಮೀ. ತಿರುಪಿನದ್ದು. ಒಳಗೆ ತೆಳು ಪೊರೆ ಇರುತ್ತದೆ, ಗಾಳಿ ಬಿಡುತ್ತದೆ, ನೀರು ಬಿಡಲ್ಲ. ಪೆಲಿಕನ್ ಥರದ ಕ್ಯಾಮೆರಾ ಪೆಟ್ಟಿಗೆಗಳಲ್ಲೂ ಇದೇ ಉದ್ದೇಶಕ್ಕೆ ವಾಲ್ವ್ ಇದೆ. ಸೀಟಿನ ಕಡೆಯ ಗೋಡೆಯಲ್ಲಿ, ಮೇಲ್ಭಾಗದಲ್ಲಿ ಕೂರಿಸಿ, ಕೆಸರು ಕಮ್ಮಿ ತಾಗುತ್ತದೆ. ಹೊಸ ಬಾಕ್ಸಿಗೆ ತೂತು ಹೊಡೆಯೋಕೆ ಮನಸ್ಸು ಬರಲ್ಲ, ಗೊತ್ತು. ವಾರಂಟಿಯೂ ಹೋಗಬಹುದು. ಅದಕ್ಕೆ ಮುಂಚೆ ಸೀಮೆಸುಣ್ಣ ಮುಗಿಸಿ.

ಇಲ್ಲೊಬ್ಬರು "ಪ್ಲಾಸ್ಟಿಕ್ ಬಾಕ್ಸ್ ಸೋರೋದೇ ಇಲ್ಲ" ಅಂದಿದ್ದಾರೆ. ಮೇಲಿನಿಂದ ಮುಚ್ಚುವ ಟಾಪ್ ಬಾಕ್ಸ್‌ಗೆ ಆ ಮಾತು ಸುಮಾರು ಸರಿ. ಮುಚ್ಚಳದ ಅಂಚು ಕೆಳಕ್ಕೆ ಇಳಿದಿರುತ್ತದೆ, ನೀರು ಹೊರಗೇ ಜಾರುತ್ತದೆ. ಪಕ್ಕಕ್ಕೆ ಪುಸ್ತಕದ ಹಾಗೆ ತೆರೆಯುವ ಸೈಡ್ ಬಾಕ್ಸ್ ಕಥೆ ಬೇರೆ. ಅದರಲ್ಲಿ ಕೆಳಗೂ ಜೋಡಣೆ ಇದೆ. ಜಾಸ್ತಿ ತುಂಬಿ ಮೊಣಕಾಲಿನಿಂದ ಒತ್ತಿ ಮುಚ್ಚಿದರೆ ನಡುವೆ ಬಾಯಿ ಬಿಟ್ಟೇ ಇರುತ್ತದೆ.

ಬಾಕ್ಸ್ ದೂಳು, ನೀರು ಎಷ್ಟು ತಡೆಯುತ್ತದೆ ಅಂತ ತಿಳಿಸುವ ಐಪಿ ನಂಬರ್ ಬಗ್ಗೆ ಕೇಳಿದ್ದಿರಿ. ಎರಡನೇ ಅಂಕಿ ಮಾತ್ರ ನೀರಿನದು. 4 ಅಂದರೆ ಎರಚು ನೀರು. 5 ಅಂದರೆ ನಿಮಿಷಕ್ಕೆ 12.5 ಲೀಟರ್ ಪೈಪ್ ನೀರು. 7 ಅಂದರೆ ಒಂದು ಮೀಟರ್ ಆಳದಲ್ಲಿ ಅರ್ಧ ಗಂಟೆ ಮುಳುಗಿಸಿದ್ದು. ಇವೆಲ್ಲ ಹೊಸ ಬೀಡಿಂಗ್‌ನ ಲೆಕ್ಕ. ನಂಬರೇ ಹಾಕದೆ ಬರೀ "ವಾಟರ್‌ಪ್ರೂಫ್" ಅಂತ ಬರೆದಿದ್ದರೆ ಅದು ಬರೀ ಮಾತು. ಸರ್ವಿಸ್ ಸ್ಟೇಷನ್ನಿನ ವಾಟರ್ ವಾಶ್ ಗನ್ ಇದೆಲ್ಲಕ್ಕಿಂತ ಜೋರು. ಬಾಕ್ಸ್ ಬಿಚ್ಚಿಟ್ಟು ಬೈಕ್ ಕೊಡಿ.

ಇಷ್ಟೆಲ್ಲ ಮಾಡಿದರೂ ಲ್ಯಾಪ್‌ಟಾಪ್, ಬಟ್ಟೆ ಒಳಚೀಲದಲ್ಲಿರಲಿ. ಯಾಕಂದರೆ ಮಳೆಯಲ್ಲಿ ಮುಚ್ಚಳ ತೆಗೆದ ಕ್ಷಣಕ್ಕೆ ಯಾವ ಬೀಡಿಂಗೂ ಕಾಯಲ್ಲ. ಬಾಯಿ ಸುತ್ತಿ ಕಟ್ಟುವ ಡ್ರೈ ಬ್ಯಾಗ್ ತಗೊಳ್ಳಿ. ದುಡ್ಡು ಬೇಡ ಅಂದರೆ ರಸಗೊಬ್ಬರದ ಚೀಲದೊಳಗಿನ ದಪ್ಪ ಪ್ಲಾಸ್ಟಿಕ್ ಇದೆಯಲ್ಲ, ಚೆನ್ನಾಗಿ ತೊಳೆದು ಒಣಗಿಸಿ ಬಳಸಿ. ವರ್ಷಕ್ಕೆ 7,000 ಮಿ.ಮೀ. ಮಳೆ ನೋಡುವ ಆಗುಂಬೆ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಯೂರಿಯಾ ವಾಸನೆ ಪೂರ್ತಿ ಹೋಗುವವರೆಗೆ ತೊಳೆಯಿರಿ, ಅಷ್ಟೇ.

ಭಾನುವಾರ ಬಿಸಿಲು ಬಂದರೆ ಮೊದಲು ಬಕೆಟ್ ಪರೀಕ್ಷೆ, ಆಮೇಲೆ ಸೀಮೆಸುಣ್ಣ. ಬಲಗಡೆಯ ಬೀಡಿಂಗ್‌ನ ಗೆರೆ, ಅದರಲ್ಲೂ ಸೀಟಿನ ಕಡೆಯ ಅಂಚು, ಹತ್ತಿರದಿಂದ ಫೋಟೋ ತೆಗೆದು ಇಲ್ಲೇ ಹಾಕಿ. ಬೀಡಿಂಗ್ ಬದಲಿಸಬೇಕಾ, ಕ್ಲಿಪ್ ಸರಿಮಾಡಿದರೆ ಸಾಕಾ ಅಂತ ನೋಡಿ ಹೇಳುತ್ತೇನೆ.